ಒಂದು ಬೀದಿ, ಹಲವು ಸುದ್ದಿ

ಬೈರೂತಿನ ಈ ಬೀದಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಲೆಬನಾನಿನಲ್ಲಿ ಬೀದಿಯ ಹೆಸರು ಹೇಳಿದರೆ ಸಾಕು, ಅಲ್ಲಿ ಯಾವ ಪಂಗಡದವರು ಹೆಚ್ಚು, ಯಾವ ಪಕ್ಷದ ಬಾವುಟ ಹಾರುತ್ತದೆ, ಮನೆಗಳಲ್ಲಿ ಯಾವ ಟಿವಿ ವಾಹಿನಿ ಓಡುತ್ತದೆ ಎಂದು ಕೇಳಿದವರು ಲೆಕ್ಕ ಹಾಕಿಬಿಡುತ್ತಾರೆ. ಓದುಗರು ಆ ಲೆಕ್ಕ ಹಾಕದೆ ನನ್ನ ಜೊತೆ ನಡೆಯಲಿ ಎಂದು ಆಸೆ. ಹುತಾತ್ಮರ ಚೌಕದಿಂದ ಶುರುವಾಗಿ ಸಣ್ಣ ಏರು ಹತ್ತುವ ಹಳೆಯ ಬೀದಿ ಎಂದಿಟ್ಟುಕೊಳ್ಳಿ. ನನಗೆ ಅರಬ್ಬಿ ಓದಲು ಬಾರದು. ಜೊತೆಗೆ ಬಂದ ಹಿರಿಯರು ಪತ್ರಿಕೆಯೊಂದರಲ್ಲಿ ವರ್ಷಗಟ್ಟಲೆ ಕರಡು ತಿದ್ದಿದವರು. ಗೋಡೆಯ ಮೇಲಿನದನ್ನೂ ಪರದೆಯ ಮೇಲಿನದನ್ನೂ ಓದಿ ಹೇಳಿದ್ದು ಅವರೇ.

ಹೊರಟಿದ್ದು ಚೌಕದ ಕಂಚಿನ ಪ್ರತಿಮೆಯ ಬುಡದಿಂದ, ಬಿಸಿಲು ಇಳಿಯುವ ಹೊತ್ತಿಗೆ. ಪ್ರತಿಮೆ ನಿಂತದ್ದು 1960ರಲ್ಲಿ. ಅದರ ಮೈತುಂಬ ತೂತುಗಳಿವೆ. 1975ರಿಂದ 1990ರವರೆಗೆ ನಡೆದ ಅಂತರ್ಯುದ್ಧದ ಗುಂಡುಗಳ ಗುರುತು ಅವು. ದುರಸ್ತಿ ಮಾಡಿದಾಗ ಬೇಕೆಂದೇ ಮುಚ್ಚದೆ ಬಿಟ್ಟರು. 1916ರ ಮೇ 6ರಂದು ಒಟ್ಟೋಮನ್ ಆಡಳಿತ ಇಲ್ಲಿ ಗಲ್ಲಿಗೇರಿಸಿದವರಲ್ಲಿ ಹಲವರು ಪತ್ರಕರ್ತರು. ಹಾಗಾಗಿ ಮೇ 6 ನಾಡಿನ ಹುತಾತ್ಮರ ದಿನವೂ ಹೌದು, ಪತ್ರಿಕೋದ್ಯಮದ ಹುತಾತ್ಮರ ದಿನವೂ ಹೌದು. ಬರೆದು ಪ್ರಾಣ ತೆತ್ತವರ ನೆನಪಿನ ಮೇಲೆ ನಡುಚೌಕ ಕಟ್ಟಿಕೊಂಡ ಊರು ಇದು. ಉಳಿದದ್ದನ್ನೆಲ್ಲ ನೋಡುವಾಗ ಇದು ನನ್ನ ಮನಸ್ಸಿನಿಂದ ಜಾರಲಿಲ್ಲ.

ಇದೇ ಚೌಕದಲ್ಲಿ 2019ರ ಅಕ್ಟೋಬರಿನಲ್ಲಿ ಜನ ಕಿಕ್ಕಿರಿದರು. ವಾಟ್ಸ್ಆ್ಯಪ್ ಕರೆಗಳಿಗೆ ದಿನಕ್ಕೆ 20 ಸೆಂಟ್, ಅಂದರೆ ತಿಂಗಳಿಗೆ 6 ಡಾಲರ್ ಶುಲ್ಕ ಹಾಕುವ ಪ್ರಸ್ತಾಪ ಕಿಡಿ ಹೊತ್ತಿಸಿತ್ತು. ಸರ್ಕಾರ ಅದನ್ನು ಅಂದೇ ಹಿಂತೆಗೆದುಕೊಂಡಿತು, ಆದರೆ ಜನ ಮನೆಗೆ ಹೋಗಲಿಲ್ಲ. ಕೆಲವು ವಾಹಿನಿಗಳು ಧಾರಾವಾಹಿ, ಜಾಹೀರಾತುಗಳನ್ನು ಬದಿಗಿಟ್ಟು ಮೈಕನ್ನು ನೇರವಾಗಿ ಜನರ ಕೈಗೆ ಕೊಟ್ಟವು. ಆಸ್ಪತ್ರೆಯ ಬಾಕಿ ಕಟ್ಟಲಾಗದವರು, ಕೆಲಸವಿಲ್ಲದ ಪದವೀಧರರು, ಅಜ್ಜಿಯರು, ಯಾರು ಬೇಕಾದರೂ ಮಾತಾಡಿದರು. ‘ಎಲ್ಲರೂ ಅಂದರೆ ಎಲ್ಲರೂ’ ಎನ್ನುವುದು ಅವರ ಘೋಷಣೆ. ಯಾವ ನಾಯಕನಿಗೂ, ಯಾವ ಪಂಗಡಕ್ಕೂ ರಿಯಾಯಿತಿ ಇರಲಿಲ್ಲ. ಟಿವಿ ಜನರ ಹಿಂದೆ ಬಂತೋ, ಟಿವಿ ನೋಡಿ ಜನ ಚೌಕಕ್ಕೆ ಬಂದರೋ ಎಂದು ಹಿರಿಯರನ್ನು ಕೇಳಿದೆ. ಅವರು ಎರಡೂ ಕೈ ಎತ್ತಿ ಸುಮ್ಮನಾದರು. ನನಗೂ ತೀರ್ಮಾನಿಸಲಾಗಲಿಲ್ಲ.

ಏರು ಶುರುವಾಗುವಲ್ಲಿ ಪತ್ರಿಕೆ ಮಾರುವ ಗೂಡಂಗಡಿ ಇದೆ. ಸಿಗರೇಟು, ಮೊಬೈಲ್ ರೀಚಾರ್ಜ್ ಕಾರ್ಡು, ಲಾಟರಿ ಚೀಟಿಗಳೇ ಹೆಚ್ಚು ಜಾಗ ಹಿಡಿದಿವೆ. ಪತ್ರಿಕೆಗಳನ್ನು ಬೆರಳಲ್ಲಿ ಎಣಿಸಬಹುದು: ಅರಬ್ಬಿಯವು ಕೆಲವು, ಫ್ರೆಂಚಿನದು ಒಂದು, ಅರ್ಮೇನಿಯನ್ ಲಿಪಿಯದು ಒಂದು. ಬೈರೂತಿನ ಮೊದಲ ಪತ್ರಿಕೆ ಹೊರಟದ್ದು 1858ರ ಜನವರಿ 1ರಂದು. ಮುಂದೆ ಒಂದು ಕಾಲದಲ್ಲಿ ಅರಬ್ ಜಗತ್ತಿನಲ್ಲಿ ಬೇರೆಲ್ಲೂ ಅಚ್ಚಾಗದ ಮಾತು ಇಲ್ಲಿ ಅಚ್ಚಾಗುತ್ತಿತ್ತು. ತಮ್ಮ ನಾಡಿನಲ್ಲಿ ಬಾಯಿ ಬಿಡಲಾಗದ ಕವಿಗಳು, ಗಡೀಪಾರಾದ ನಾಯಕರು, ಸಂಪಾದಕರು ಇಲ್ಲಿಗೆ ಬಂದು ಬರೆದರು.

ಅದರ ಜೊತೆಗೇ ಇನ್ನೊಂದು ಕಥೆ ಇದೆ. 1953ರ ಶಾಸನವೊಂದು ರಾಜಕೀಯ ಪತ್ರಿಕೆಗಳ ಪರವಾನಗಿಗೆ ಮಿತಿ ಹಾಕಿತು: ದಿನಪತ್ರಿಕೆ 25, ನಿಯತಕಾಲಿಕ 20. ಅದಕ್ಕಿಂತ ಹೆಚ್ಚಿದ್ದುದರಿಂದ ಹೊಸದಕ್ಕೆ ಬಾಗಿಲು ಮುಚ್ಚಿತು. ಪತ್ರಿಕೆ ತೆರೆಯಬೇಕೆನ್ನುವವರು ಹಳೆಯದೊಂದರ ಪರವಾನಗಿಯನ್ನು ಕೊಳ್ಳಬೇಕು. ಕೊಳ್ಳಲು ಹಣ ಬೇಕು. ಕೊಲ್ಲಿಯಿಂದ, ಇರಾಕಿನಿಂದ, ಲಿಬಿಯಾದಿಂದ, ಈಜಿಪ್ಟಿನಿಂದ ಹಣ ಬಂತು. ಅರವತ್ತರ ದಶಕದ ಅಧ್ಯಕ್ಷರೊಬ್ಬರು ಪತ್ರಕರ್ತರ ತಂಡವನ್ನು ‘ನಿಮ್ಮ ಎರಡನೆಯ ದೇಶವಾದ ಲೆಬನಾನಿಗೆ ಸ್ವಾಗತ’ ಎಂದು ಬರಮಾಡಿಕೊಂಡರು ಎನ್ನುವ ಮಾತು ಇಲ್ಲಿನ ಪತ್ರಕರ್ತರ ಬಾಯಲ್ಲಿ ಇಂದಿಗೂ ಓಡಾಡುತ್ತಿದೆ. ಆ ಹಣದ ಒರತೆ ಬತ್ತುತ್ತ ಬಂದಂತೆ ಪತ್ರಿಕೆಗಳೂ ಬತ್ತಿದವು. 1974ರಲ್ಲಿ ಹುಟ್ಟಿದ ಎಡಪಂಥೀಯ ದಿನಪತ್ರಿಕೆ 2016ರ ಕೊನೆಯ ದಿನ ನಿಂತುಹೋಯಿತು. 1933ರಿಂದ ಬರುತ್ತಿರುವ ಮತ್ತೊಂದು 2018ರ ಅಕ್ಟೋಬರ್ 11ರಂದು ಬರೀ ಬಿಳಿ ಪುಟಗಳನ್ನು ಹೊರತಂದಿತು; ತಿಂಗಳುಗಟ್ಟಲೆ ಸರ್ಕಾರ ರಚಿಸದ ರಾಜಕಾರಣಿಗಳಿಗೆ ಅದು ಪ್ರತಿಭಟನೆ. ಇದೇ ಪತ್ರಿಕೆ 2022ರ ಫೆಬ್ರುವರಿ 2ರ ಸಂಚಿಕೆಯನ್ನು ಅಚ್ಚು ಮಾಡದೆ, ಆ ಶಾಯಿ, ಕಾಗದ ಮತಪತ್ರಗಳಿಗೆ ಬಳಕೆಯಾಗಲಿ ಎಂದಿತು. ಮತಪತ್ರಕ್ಕೆ ಕಾಗದವಿಲ್ಲ ಎಂಬ ನೆಪದಿಂದ ಚುನಾವಣೆ ಮುಂದೆ ಹೋಗಬಾರದು ಎಂದು! ಸಾಲ ತುಂಬಿದ, ಓದುಗರು ಕರಗಿದ ಕಾಲದಲ್ಲೂ ಪತ್ರಿಕೆ ಎಂದರೆ ಏನು ಮಾಡಬೇಕು ಎಂದು ಗೊತ್ತಿದ್ದವರ ಕೆಲಸ ಇದು. ನಾನು ಫ್ರೆಂಚ್ ಪತ್ರಿಕೆಯೊಂದನ್ನು ಕೊಂಡೆ. ಅರಬ್ಬಿ ಪತ್ರಿಕೆಗಳ ರಾಶಿ ಸಂಜೆಯಾದರೂ ಹೆಚ್ಚು ಕರಗಿರಲಿಲ್ಲ.

ಗೂಡಂಗಡಿ ದಾಟಿದರೆ ಉದ್ದನೆಯ ಗೋಡೆ. ಈ ಊರಿನಲ್ಲಿ ಗೋಡೆಯೂ ಪತ್ರಿಕೆಯೇ. ನಾಯಕರ ದೊಡ್ಡ ಭಾವಚಿತ್ರಗಳು, ತೀರಿಕೊಂಡವರ ಸುದ್ದಿ ಹೊತ್ತ ಕಪ್ಪಂಚಿನ ಹಾಳೆಗಳು, ಅವುಗಳ ಕೆಳಗೆ ಅರ್ಧ ಮಾಸಿದ ಬಣ್ಣದಲ್ಲಿ 2019ರ ಘೋಷಣೆ. ಒಂದರ ಮೇಲೊಂದು ಅಂಟಿ, ಮೂಲೆಗಳು ಹರಿದು, ಯಾವುದು ಮೊದಲಿನದು ಯಾವುದು ಆಮೇಲಿನದು ಎಂದು ಬಿಡಿಸಿ ಹೇಳುವುದು ಕಷ್ಟ. ಎದೆಯ ಮೇಲೆ ‘ಪ್ರೆಸ್’ ಎಂದು ಬರೆದ ನೀಲಿ ಅಂಗಿ ತೊಟ್ಟವರ ಚಿತ್ರವೊಂದರ ಮುಂದೆ ಹಿರಿಯರು ನಿಂತರು. 2005ರಲ್ಲಿ ಆರು ತಿಂಗಳ ಅಂತರದಲ್ಲಿ ಈ ಊರು ಇಬ್ಬರು ಹೆಸರಾಂತ ಪತ್ರಕರ್ತರನ್ನು ಕಾರ್ ಬಾಂಬಿಗೆ ಕಳೆದುಕೊಂಡಿತು. ಟಿವಿ ನಿರೂಪಕಿಯೊಬ್ಬರು ಅದೇ ವರ್ಷ ಒಂದು ಕೈ, ಒಂದು ಕಾಲು ಕಳೆದುಕೊಂಡು ಬದುಕುಳಿದರು. 2023ರ ಅಕ್ಟೋಬರ್ 13ರಂದು ದಕ್ಷಿಣದ ಗಡಿಯಲ್ಲಿ ಚಿತ್ರೀಕರಿಸುತ್ತಿದ್ದ ಛಾಯಾಗ್ರಾಹಕರೊಬ್ಬರು ಇಸ್ರೇಲಿನ ಶೆಲ್ ದಾಳಿಗೆ ಬಲಿಯಾದರು. 2024ರ ಅಕ್ಟೋಬರ್ 25ರ ನಸುಕಿನಲ್ಲಿ ಹಸ್ಬಾಯಾ ಎಂಬಲ್ಲಿ, ಬೇರೆ ಬೇರೆ ಸಂಸ್ಥೆಗಳ ಪತ್ರಕರ್ತರು ಮಲಗಿದ್ದ ತಂಗುದಾಣದ ಮೇಲೆ ಇಸ್ರೇಲಿನ ವಾಯುದಾಳಿ ನಡೆದು ಮೂವರು ಸತ್ತರು. ಅಲ್ಲಿ ಮಲಗಿದ್ದವರು ಒಂದೇ ಬಣದ ವಾಹಿನಿಗಳವರಲ್ಲ. ದಾಳಿ ಬಣ ನೋಡಲಿಲ್ಲ.

ಗೋಡೆ ಮುಗಿದು ಮೂಲೆ ತಿರುಗಿದರೆ, ಜನರನ್ನು ತುಂಬಿಕೊಂಡು ಹೋಗುವ ಬಾಡಿಗೆ ಟ್ಯಾಕ್ಸಿಯೊಂದು ನಿಂತಿತ್ತು. ಒಳಗಿನಿಂದ ರೇಡಿಯೊ ಹಾಡು. ನಾವು ಹತ್ತಲಿಲ್ಲ, ಆದರೆ ಹಿರಿಯರಿಗೆ ಅಂತರ್ಯುದ್ಧದ ದಿನಗಳು ನೆನಪಾದವು. ಆಗ ಸರ್ಕಾರಿ ಬಾನುಲಿಯಲ್ಲಿ ಒಬ್ಬ ಉದ್ಘೋಷಕರು ಗಂಟೆಗಂಟೆಗೂ ಯಾವ ರಸ್ತೆ ತೆರೆದಿದೆ, ಯಾವುದರಲ್ಲಿ ಹೊಂಚುಗಾರ ಕೂತಿದ್ದಾನೆ, ಎಲ್ಲಿ ಜನರನ್ನು ಹಿಡಿದೊಯ್ಯುತ್ತಿದ್ದಾರೆ ಎಂದು ಹೇಳುತ್ತಿದ್ದರಂತೆ. ‘ದಾರಿ ತೆರೆದಿದೆ, ಸುರಕ್ಷಿತವಾಗಿದೆ’ ಎಂದು ಅವರು ಹೇಳಿದ ಮೇಲೆಯೇ ಅಪ್ಪ ಮನೆಯಿಂದ ಹೊರಗೆ ಕಾಲಿಡುತ್ತಿದ್ದರು, ಎಂದರು ಹಿರಿಯರು. ಪೂರ್ವ ಬೈರೂತಿನ ಕ್ರೈಸ್ತರೂ ಪಶ್ಚಿಮದ ಮುಸ್ಲಿಮರೂ ಆ ಒಂದು ದನಿಯನ್ನು ನಂಬಿದರು, ಯಾಕೆಂದರೆ ಅದು ಯಾರು ಸರಿ ಎಂದು ಹೇಳಲಿಲ್ಲ, ಯಾವ ದಾರಿ ಸರಿ ಎಂದಷ್ಟೇ ಹೇಳಿತು. ನಾಡಿಗೆಲ್ಲ ಸೇರಿದ ಇನ್ನೊಂದು ದನಿ ಒಬ್ಬ ಗಾಯಕಿಯದು. ಇಂದಿಗೂ ಬೆಳಗಿನ ಕಾಫಿಯ ಹೊತ್ತಿಗೆ ರೇಡಿಯೊಗಳಲ್ಲಿ ಆಕೆಯದೇ ಹಾಡು. ಯಾವ ಬಣಕ್ಕೂ ಸೇರಿದವಳೆನಿಸಿಕೊಳ್ಳಬಾರದೆಂದು ಯುದ್ಧ ಮುಗಿಯುವವರೆಗೂ ಸ್ವದೇಶದಲ್ಲಿ ಆಕೆ ಸಂಗೀತ ಕಛೇರಿ ನಡೆಸಲಿಲ್ಲ; 1994ರಲ್ಲಿ ಹಾಡಿದ್ದು ನಾವು ಆಗಷ್ಟೇ ಬಿಟ್ಟು ಬಂದ ಚೌಕದಲ್ಲಿ.

ಮುಂದೆ ಕಿರಾಣಿ ಅಂಗಡಿ. ನೀರಿನ ಬಾಟಲಿ ಕೇಳಿದೆ. ಅಂಗಡಿಯಾಕೆ ಬೆಲೆ ಹೇಳುವ ಮೊದಲು ಮೊಬೈಲ್ ಮೇಲೆ ಕಣ್ಣಾಡಿಸಿದರು. ಅಭ್ಯಾಸ ಇರಬೇಕು. 1997ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಒಂದು ಡಾಲರಿಗೆ ಸುಮಾರು 1,507 ಲಿರಾ ಇದ್ದದ್ದು ಬ್ಯಾಂಕುಗಳು ಕುಸಿದ ಮೇಲೆ ಉರುಳುತ್ತ ಹೋಗಿ 89,500ರ ಆಸುಪಾಸಿನಲ್ಲಿ ನಿಂತಿತು. ಆ ವರ್ಷಗಳಲ್ಲಿ ಕಾಳಸಂತೆಯ ದರ ತೋರಿಸುವ ಆ್ಯಪ್‌ಗಳೇ ನಾಡಿನ ಅತಿ ಮುಖ್ಯ ಮಾಧ್ಯಮವಾಗಿದ್ದವು. ದರವನ್ನು ಅವು ವರದಿ ಮಾಡುತ್ತಿದ್ದವೋ, ಅವೇ ದರ ಕಟ್ಟುತ್ತಿದ್ದವೋ ಎಂದು ಸರ್ಕಾರ ತಲೆಕೆಡಿಸಿಕೊಂಡಿತು, ಅವನ್ನು ತಡೆಯಲೂ ನೋಡಿತು. ಜನ ಬೇರೆ ದಾರಿಯಿಂದ ನೋಡಿಕೊಂಡರು.

ಅದೇ ಮೊಬೈಲ್ ಪರದೆ 2024ರ ಯುದ್ಧದಲ್ಲಿ ಇನ್ನೊಂದು ಕೆಲಸ ಮಾಡಿತು. ಬೈರೂತಿನ ದಕ್ಷಿಣದ ಬಡಾವಣೆಗಳಲ್ಲಿ ಯಾವ ಕಟ್ಟಡದ ಮೇಲೆ ಬಾಂಬು ಬೀಳಲಿದೆ ಎಂದು ಇಸ್ರೇಲಿನ ಸೇನೆ ಅರಬ್ಬಿಯಲ್ಲಿ, ನಕ್ಷೆಯ ಸಮೇತ ಜಾಲತಾಣದಲ್ಲಿ ಹಾಕುತ್ತಿತ್ತು. ಕೆಂಪು ಗುರುತು ತಮ್ಮ ಮನೆಯ ಮೇಲಿದೆಯೋ ಪಕ್ಕದ ಮನೆಯ ಮೇಲಿದೆಯೋ ಎಂದು ಜನ ನಡುರಾತ್ರಿ ಪರದೆ ಹಿಗ್ಗಿಸಿ ನೋಡಿದರು. ಹಿಂದೆ ದಾರಿ ತೋರಿಸಿದ್ದು ತಮ್ಮವರೇ ಆದ ಉದ್ಘೋಷಕರು. ಈಗ ಬದುಕುವ ದಾರಿಯನ್ನೂ ಬಾಂಬು ಹಾಕುವವರ ಬಾಯಿಂದಲೇ ಕೇಳಬೇಕಾಯಿತು. ಈ ನಡಿಗೆಯಲ್ಲಿ ಕೇಳಿದ್ದರಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಇದೇ.

ಕತ್ತಲಾಗುತ್ತಿತ್ತು. ತಲೆ ಎತ್ತಿದರೆ ಮಾಳಿಗೆಯಿಂದ ಮಾಳಿಗೆಗೆ ಹಾದ ತಂತಿಗಳ ಬಲೆ. ಒಂದಷ್ಟು ಬೀದಿ ಜನರೇಟರಿನವು, ಒಂದಷ್ಟು ಕೇಬಲ್ ಟಿವಿಯವು. ಯಾವುದು ಯಾವುದೆಂದು ನನಗೆ ಗುರುತಾಗಲಿಲ್ಲ. ಆದರೆ ಎರಡಕ್ಕೂ ಮನೆಮನೆಯವರು ತಿಂಗಳ ಚಂದಾ ಕಟ್ಟುತ್ತಾರೆ.

ಬೀದಿಯ ತುದಿಯಲ್ಲಿ ಕಾಫಿ ಅಂಗಡಿ. ನಾವು ಅಲ್ಲಿಗೆ ಮುಟ್ಟಿದ್ದು ಎಂಟರ ಹತ್ತಿರ. ಬೇಕೆಂದೇ ಆ ಹೊತ್ತು ಆರಿಸಿದ್ದೆವು. ಏಳೂವರೆಯಿಂದ ಎಂಟರ ಆಸುಪಾಸಿನಲ್ಲಿ ಲೆಬನಾನಿನ ವಾಹಿನಿಗಳೆಲ್ಲ ಮುಖ್ಯ ಸುದ್ದಿ ಶುರು ಮಾಡುತ್ತವೆ. ಶುರುವಾಗುವುದು ಸುದ್ದಿಯಿಂದಲ್ಲ, ಮುನ್ನುಡಿಯಿಂದ. ನಿರೂಪಕಿ ಗ್ರಾಂಥಿಕ ಅರಬ್ಬಿಯಲ್ಲಿ, ಪ್ರಾಸ ಸೇರಿಸಿ ಬರೆದ ಪುಟ್ಟ ಪ್ರಬಂಧವೊಂದನ್ನು ಓದುತ್ತಾಳೆ. ಆ ದಿನವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂದು ವಾಹಿನಿ ತನ್ನವರಿಗೆ ಹೇಳುವುದು ಅಲ್ಲೇ.

ಅಂಗಡಿಯವರು ರಿಮೋಟ್ ಒತ್ತುತ್ತ ಮೂರು ವಾಹಿನಿ ತೋರಿಸಿದರು. ವಿಷಯ ಒಂದೇ, ವಿದ್ಯುತ್ತಿನ ಅಭಾವ. ಒಂದು ವಾಹಿನಿ ಹಿಂದಿನ ಮಂತ್ರಿಗಳ ಕಡೆ ಬೆರಳು ತೋರಿತು. ಇನ್ನೊಂದು, ಆ ಮಂತ್ರಿಗಳನ್ನು ಕೆಲಸ ಮಾಡಲು ಬಿಡದವರ ಕಡೆ. ಮೂರನೆಯದು ದಕ್ಷಿಣದ ಗಡಿಯ ಮಾತಾಡಿ, ವಿದ್ಯುತ್ತನ್ನು ಕೊನೆಗೆ ತಳ್ಳಿತು. ಹಿರಿಯರು ಕಿವಿಯಲ್ಲಿ ಹೇಳುತ್ತ ಹೋಗದಿದ್ದರೆ ಮೂರೂ ಬೇರೆ ಬೇರೆ ದೇಶದ ಸುದ್ದಿ ಎಂದುಕೊಳ್ಳುತ್ತಿದ್ದೆ.

ಇದು ಹೀಗಾದದ್ದು ತಾನಾಗಿ ಅಲ್ಲ. ಟಿವಿ ಇಲ್ಲಿಗೆ ಬಂದದ್ದು 1959ರಲ್ಲಿ. ಅಂತರ್ಯುದ್ಧ ಬಂದಾಗ ಮುಖ್ಯ ಸಶಸ್ತ್ರ ಪಡೆಗಳು ತಮ್ಮ ತಮ್ಮ ರೇಡಿಯೊ, ಆಮೇಲೆ ಕೆಲವು ತಮ್ಮ ಟಿವಿಯನ್ನೂ ತೆರೆದವು. ಯುದ್ಧ ಮುಗಿದ ಮೇಲೆ 1994ರ ಪ್ರಸಾರ ಕಾಯಿದೆ ಬಂತು. ಅರಬ್ ಜಗತ್ತಿನಲ್ಲಿ ಖಾಸಗಿ ಪ್ರಸಾರಕ್ಕೆ ಕಾನೂನಿನ ಮಾನ್ಯತೆ ಕೊಟ್ಟ ಮೊದಲಿಗರಲ್ಲಿ ಲೆಬನಾನೂ ಒಂದು. ಆದರೆ 1996ರಲ್ಲಿ ಪರವಾನಗಿ ಕೊಟ್ಟದ್ದು ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ಹಾಗೆ. ಮರೊನೈಟ್ ಕ್ರೈಸ್ತರ ಕಡೆಗೊಂದು, ಸುನ್ನಿ ಪ್ರಧಾನಿಯ ಕಡೆಗೊಂದು, ಶಿಯಾ ಸಭಾಧ್ಯಕ್ಷರ ಕಡೆಗೊಂದು, ಆರ್ಥೊಡಾಕ್ಸ್ ಕ್ರೈಸ್ತ ಮಂತ್ರಿಯ ಮನೆತನಕ್ಕೊಂದು. ಒಂದು ವಾಹಿನಿಗೆ ಪರವಾನಗಿ ಸಿಕ್ಕಾಗ ಅದು ಪ್ರಸಾರವನ್ನೇ ಆರಂಭಿಸಿರಲಿಲ್ಲ. ಅಧಿಕಾರವನ್ನು 18 ಪಂಗಡಗಳ ನಡುವೆ ಹಂಚಿಕೊಂಡ ದೇಶ ಪರದೆಯನ್ನೂ ಹಂಚಿಕೊಂಡಿತು. ಪತ್ರಿಕೆಯ ಪರವಾನಗಿಗೆ ಮಿತಿ ಹಾಕಿದಾಗ ಹೊರಗಿನ ಹಣ ಒಳಗೆ ಬಂತು, ಟಿವಿಯ ಪರವಾನಗಿಯನ್ನು ಪಾಲು ಮಾಡಿದಾಗ ಒಳಗಿನ ಬಿರುಕು ಕಾಯಂ ಆಯಿತು. ಇದಕ್ಕೆ ಜನರ ಸ್ವಭಾವವನ್ನು ದೂರುವುದು ತಪ್ಪು ಎಂದು ನನಗೆ ಅನಿಸುತ್ತದೆ. ಕಾಯಿದೆ ಅದನ್ನು ಜಾರಿ ಮಾಡಿದವರ ಕೈಯಲ್ಲಿ ಹಾಗಾಯಿತು.

ಜನ ಆ ಹಂಚಿಕೆಯನ್ನು ಹಾಗೇ ನುಂಗಿಲ್ಲ ಎಂಬುದಕ್ಕೆ ಅಂಗಡಿಯಲ್ಲೇ ಸಾಕ್ಷಿ ಇತ್ತು. ಪಕ್ಕದ ಮೇಜಿನವರು ಮೂರೂ ಮುನ್ನುಡಿಗಳನ್ನು ಗಮನವಿಟ್ಟು ಕೇಳಿದರು, ನಡುನಡುವೆ ನಕ್ಕರು, ಮುಂದೇನು ಬರುತ್ತದೆ ಎಂದು ಮೊದಲೇ ಹೇಳಿದರು. ಅವರಲ್ಲಿ ಯಾರು ಯಾವ ಪಂಗಡದವರೋ ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಕಾಫಿ ತಂದುಕೊಟ್ಟ ಹುಡುಗ ಮಾತ್ರ ಟಿವಿಯ ಕಡೆ ಒಮ್ಮೆಯೂ ನೋಡಲಿಲ್ಲ. ಮಾತಿನ ಧಾಟಿಯಿಂದ ಸಿರಿಯಾದವನಿರಬೇಕು ಎಂದರು ಹಿರಿಯರು. ಹಾಗಿದ್ದರೆ ಅದು ಸಹಜವೇ: ಇಲ್ಲಿ ಆಸರೆ ಪಡೆದ ಲಕ್ಷಾಂತರ ಸಿರಿಯನ್ನರ ಬಗ್ಗೆ, ಮನೆಗೆಲಸದ ಏಷ್ಯಾ, ಆಫ್ರಿಕಾದ ಹೆಣ್ಣುಮಕ್ಕಳ ಬಗ್ಗೆ ಈ ಪರದೆಗಳು ಸಾಕಷ್ಟು ಮಾತಾಡುತ್ತವೆ, ಅವರ ಜೊತೆ ಮಾತಾಡುವುದು ಅಪರೂಪ.

ಹೊರಡುವ ಮೊದಲು ಹಿರಿಯರು 2011ರ ಚಿತ್ರವೊಂದನ್ನು ನೆನೆದರು. ‘ಈಗ ನಾವು ಎಲ್ಲಿಗೆ ಹೋಗೋಣ’ ಎಂದು ಅದರ ಹೆಸರು. ಗಂಡಸರ ಕಿವಿಗೆ ಹೊರಗಿನ ಗಲಭೆಯ ಸುದ್ದಿ ಬಿದ್ದು ಊರು ಹೊತ್ತಿಕೊಳ್ಳದಿರಲಿ ಎಂದು ಹೆಂಗಸರು ಊರಿನ ಟಿವಿಯನ್ನೇ ಹಾಳುಮಾಡುತ್ತಾರೆ. ಚಿತ್ರ ಲೆಬನಾನಿನಲ್ಲಿ ಭರ್ಜರಿಯಾಗಿ ಓಡಿತು. ಹಿರಿಯರಿಗೆ ಆ ಉಪಾಯ ಒಪ್ಪಿಗೆಯಿಲ್ಲ. ಶಾಲೆಯ ಇತಿಹಾಸ ಪಠ್ಯ 1940ರ ದಶಕದಲ್ಲೇ ನಿಂತುಬಿಡುತ್ತದೆ, ಅಂತರ್ಯುದ್ಧದ ಬಗ್ಗೆ ಎಲ್ಲರೂ ಒಪ್ಪಿದ ಒಂದು ಪುಸ್ತಕ ಇನ್ನೂ ಬಂದಿಲ್ಲ, ಟಿವಿಯನ್ನೂ ಒಡೆದರೆ ಮಕ್ಕಳು ಯಾರಿಂದ ಕಲಿಯಬೇಕು ಎಂದು ಕೇಳಿದರು. ಒಡೆಯುವುದು ಬೇಡ, ಎಲ್ಲವನ್ನೂ ನೋಡಲಿ ಎಂಬುದು ಅವರ ಮಾತು. ನನಗೂ ಅದೇ ಸರಿ ಎನಿಸಿತು.

ಅದಕ್ಕೆ ದಾರಿಯೂ ಇದೆ. ಸರ್ಕಾರಿ ಸುದ್ದಿಸಂಸ್ಥೆ ಪ್ರತಿ ರಾತ್ರಿ ಎಲ್ಲ ಮುಖ್ಯ ವಾಹಿನಿಗಳ ಮುನ್ನುಡಿಗಳನ್ನೂ ಒಂದೇ ಕಡೆ, ಒಂದರ ಕೆಳಗೊಂದು, ತಿದ್ದದೆ ಪ್ರಕಟಿಸುತ್ತದೆ. ಲೆಬನಾನನ್ನು ಅರಿಯಬೇಕೆನ್ನುವವರು ಅರಬ್ಬಿ ಬಲ್ಲ ಒಬ್ಬರನ್ನು ಜೊತೆಗೆ ಕೂರಿಸಿಕೊಂಡು, ಯಾವುದಾದರೂ ಒಂದು ದಿನದ ಆ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿಸಿ ಕೇಳಿ. ಒಂದನ್ನೇ ಕೇಳಿ ಎದ್ದು ಹೋಗಬೇಡಿ.