ಪುಟ್ಟ ವಿಮಾನಕ್ಕೆ ಎಂಥ ರೇಡಿಯೋ?

ಮಗನೋ ಮಗಳೋ ಪೈಲಟ್ ಆಗಬೇಕೆಂದು ಹಟ ಹಿಡಿದಾಗ ತಂದೆ ತಾಯಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಶುಲ್ಕ ಎಷ್ಟು ಲಕ್ಷ? ಬ್ಯಾಂಕ್ ಸಾಲ ಸಿಗುತ್ತದೆಯೇ? ವಿಮಾನ ಹಳೆಯದೋ, ಹೊಸದೋ? ಎಂಜಿನ್ ಚೆನ್ನಾಗಿದೆಯೇ? ಸಲಹೆಗೆಂದು ನನ್ನ ಬಳಿ ಬಂದ ಪೋಷಕರಲ್ಲಿ ಒಬ್ಬರೂ ಆ ವಿಮಾನದ ರೇಡಿಯೋ ಎಂಥದ್ದು ಎಂದು ವಿಚಾರಿಸಿದ್ದಿಲ್ಲ.

ಬೆಂಗಳೂರಿನ ಜಕ್ಕೂರಿನಲ್ಲಿ 1949ರಿಂದ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿದೆ. ಅದರ ಮಗ್ಗುಲಲ್ಲೇ ಯಲಹಂಕದ ವಾಯುಪಡೆ ನೆಲೆ. ಇನ್ನಷ್ಟು ಉತ್ತರಕ್ಕೆ ಹೋದರೆ 2008ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಇಂಥ ಜನನಿಬಿಡ ಆಕಾಶದಲ್ಲಿ ವಿದ್ಯಾರ್ಥಿನಿಯೊಬ್ಬಳು ಮೊದಲ ಸಲ ಒಂಟಿಯಾಗಿ ಹಾರುತ್ತಾಳೆ ಎಂದುಕೊಳ್ಳಿ. ಪಕ್ಕದ ಸೀಟಿನಲ್ಲಿ ಶಿಕ್ಷಕರಿಲ್ಲ. ಯಾರು ಎಲ್ಲಿದ್ದಾರೆ, ಯಾವಾಗ ಇಳಿಯಬೇಕು ಎಂಬುದೆಲ್ಲ ಆಕೆಗೆ ತಿಳಿಯುವುದು ಕಿವಿಯ ಮೂಲಕ.

ಆ ರೇಡಿಯೋವನ್ನು ಆರಿಸುವುದಕ್ಕೆ ಎಂಜಿನಿಯರಿಂಗ್ ಪದವಿಯೇನೂ ಬೇಕಿಲ್ಲ. ಪಿ.ಯು.ಸಿ.ಯ ಭೌತಶಾಸ್ತ್ರ ಮರೆಯದಿದ್ದರೆ ಮುಕ್ಕಾಲು ಪಾಲು ಅರ್ಥವಾಗುತ್ತದೆ.

ಹಳೆಯ ಎ.ಎಂ. ಏಕೆ?

ವಿಮಾನಗಳ ಮಾತುಕತೆ 118ರಿಂದ 137 ಮೆಗಾಹರ್ಟ್ಸ್‌ವರೆಗಿನ ಕಂಪನಾಂಕಗಳಲ್ಲಿ ನಡೆಯುತ್ತದೆ. ನಾವು ಹಾಡು ಕೇಳುವ ಎಫ್.ಎಂ. ಪಟ್ಟಿ 108ಕ್ಕೆ ಮುಗಿಯುತ್ತದೆ. ಅಲ್ಲಿಂದ 118ರವರೆಗೆ ದಾರಿ ತೋರುವ ಸಂಕೇತಗಳಿಗೆ ಮೀಸಲು. ಇಷ್ಟು ಹತ್ತಿರದ ನೆರೆಮನೆಯಾದರೂ ವಿಮಾನದವರು ಎಫ್.ಎಂ. ಬಳಸುವುದಿಲ್ಲ. ಅಜ್ಜನ ಕಾಲದ ಎ.ಎಂ. ಅನ್ನೇ ಇಂದಿಗೂ ಹಿಡಿದುಕೊಂಡಿದ್ದಾರೆ. ಹಳೆಯ ಉಪಕರಣಗಳೊಡನೆ ಹೊಂದಿಕೆಯಾಗಬೇಕು ಎಂಬುದು ಒಂದು ಕಾರಣ. ಇನ್ನೊಂದು ಹೆಚ್ಚು ಸ್ವಾರಸ್ಯದ್ದು.

ಎಫ್.ಎಂ.ನಲ್ಲಿ ಇಬ್ಬರು ಒಂದೇ ಕಂಪನಾಂಕದಲ್ಲಿ ಒಟ್ಟಿಗೆ ಮಾತಾಡಿದರೆ ಬಲವಾದ ಸಂಕೇತ ದುರ್ಬಲವಾದದ್ದನ್ನು ಪೂರ್ತಿ ನುಂಗಿಬಿಡುತ್ತದೆ. ಎರಡನೆಯವನು ಮಾತಾಡಿದನೆಂಬ ಸುಳಿವೂ ಉಳಿಯುವುದಿಲ್ಲ. ಎ.ಎಂ.ನಲ್ಲಿ ಹಾಗಲ್ಲ. ಎರಡು ರೇಡಿಯೋಗಳನ್ನು 120 ಮೆಗಾಹರ್ಟ್ಸ್‌ಗೇ ಹೊಂದಿಸಿದರೂ ಅವುಗಳ ನಡುವೆ ಲಕ್ಷದಲ್ಲಿ ಒಂದು ಪಾಲಿನಷ್ಟಾದರೂ ವ್ಯತ್ಯಾಸ ಉಳಿಯಬಹುದು. ಲೆಕ್ಕ ಹಾಕಿ: ಅದು 1,200 ಹರ್ಟ್ಸ್. ನಮ್ಮ ಕಿವಿಗೆ ಚೆನ್ನಾಗಿ ಕೇಳುವ ಸಿಳ್ಳು! ತರಗತಿಯಲ್ಲಿ ಎರಡು ಶ್ರುತಿಕವೆಗಳನ್ನು ಮಿಡಿದು ‘ವಿಸ್ಪಂದ’ ಕೇಳಿಸುತ್ತೇವಲ್ಲ, ಅದರ ಅಣ್ಣನೇ ಇದು. ಮಾತು ಕಲಸಿಹೋದರೂ ಇಬ್ಬರು ಮಾತಾಡಿದರೆಂಬುದು ಎಲ್ಲರಿಗೂ ತಿಳಿಯುತ್ತದೆ.

ಆ ಸಿಳ್ಳು ಎಷ್ಟು ಭೀಕರವಾಗಬಲ್ಲದೆಂಬುದಕ್ಕೆ ಒಂದು ಘಟನೆ ಸಾಕು. 1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಕೆನರಿ ದ್ವೀಪಗಳ ಟೆನೆರಿಫ್ ನಿಲ್ದಾಣದಲ್ಲಿ ದಟ್ಟ ಮಂಜು ಕವಿದಿತ್ತು. ಕೆ.ಎಲ್.ಎಂ. ಸಂಸ್ಥೆಯ ಜಂಬೋ ವಿಮಾನ ಅನುಮತಿ ಸಿಗುವ ಮುನ್ನವೇ ಓಡತೊಡಗಿತು. ಅದೇ ಓಡುದಾರಿಯಲ್ಲಿ ಪ್ಯಾನ್ ಆ್ಯಮ್‌ನ ಜಂಬೋ ಇನ್ನೂ ಇತ್ತು. ಕಾದಿರಿ, ಮತ್ತೆ ಕರೆಯುತ್ತೇವೆ ಎಂದು ಗೋಪುರ ಹೇಳಿತು. ನಾವಿನ್ನೂ ಓಡುದಾರಿಯಲ್ಲೇ ಇದ್ದೇವೆ ಎಂದು ಪ್ಯಾನ್ ಆ್ಯಮ್ ಹೇಳಿತು. ಎರಡೂ ಒಂದೇ ಕ್ಷಣದಲ್ಲಿ! ಕೆ.ಎಲ್.ಎಂ. ಚಾಲಕರಿಗೆ ‘ಓಕೆ’ ಎಂಬುದಾದ ಮೇಲೆ ಕೆಲವು ಸೆಕೆಂಡುಗಳ ಕೀರಲು ಸದ್ದು ಕೇಳಿತು. ವಿಮಾನ ನಿಲ್ಲಲಿಲ್ಲ. ಸತ್ತವರು 583 ಮಂದಿ. ಆ ದುರಂತಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಎ.ಎಂ. ಸಿಳ್ಳು ಹೊಡೆದು ಎಚ್ಚರಿಸಬಲ್ಲದು, ಕಳೆದುಹೋದ ಮಾತನ್ನು ತಂದುಕೊಡಲಾರದು. ಸಿಳ್ಳು ಕೇಳಿದರೆ ‘ಇನ್ನೊಮ್ಮೆ ಹೇಳಿ’ ಎನ್ನಬೇಕಾದವರು ಮನುಷ್ಯರೇ.

ಪುಟ್ಟ ವಿಮಾನದಲ್ಲಿರುವುದೂ ಇದೇ ಬಗೆಯ ರೇಡಿಯೋ. ಮಾತಾಡುವ ಗುಂಡಿ ಒತ್ತಿದಲ್ಲೇ ಸಿಕ್ಕಿಕೊಂಡರೆ ಒಂದು ತರಬೇತಿ ವಿಮಾನ ಸುತ್ತಲಿನ ಎಲ್ಲರ ಬಾಯನ್ನೂ ಕಟ್ಟಿಬಿಡಬಲ್ಲದು. ಆದ್ದರಿಂದ ಅರ್ಧ ನಿಮಿಷದ ಆಸುಪಾಸಿನಲ್ಲಿ ಪ್ರಸಾರವನ್ನು ತಾನೇ ಕಡಿಯುವ ಏರ್ಪಾಡು ರೇಡಿಯೋದಲ್ಲಿ ಇದೆಯೇ ಎಂದು ಮೊದಲು ನೋಡುವುದು ಒಳ್ಳೆಯದು. ಈಚಿನ ಒಳ್ಳೆಯ ರೇಡಿಯೋಗಳಲ್ಲಿ ಇದು ಇರುತ್ತದೆ.

ವ್ಯಾಟ್‌ಗಳ ಮೋಹ

ಮಾರುವವರು ಮೊದಲು ಹೇಳುವುದು ವ್ಯಾಟ್ ಲೆಕ್ಕ. ಸಣ್ಣ ವಿಮಾನದ ರೇಡಿಯೋಗಳು ಸುಮಾರು 6ರಿಂದ 16 ವ್ಯಾಟ್‌ವರೆಗೆ ಸಿಗುತ್ತವೆ. ದುಪ್ಪಟ್ಟು ವ್ಯಾಟ್ ಕೊಟ್ಟರೆ ದುಪ್ಪಟ್ಟು ದೂರ ಕೇಳುತ್ತದೆಯೇ? ಇಲ್ಲ. ತೆರೆದ ಬಯಲಿನಲ್ಲೂ ದೂರ ಹೆಚ್ಚುವುದು ವ್ಯಾಟ್‌ನ ವರ್ಗಮೂಲದಂತೆ, ಅಂದರೆ ಒಂದಕ್ಕೆ 1.4ರಷ್ಟು. ಅದಕ್ಕೂ ಮೊದಲು ಅಡ್ಡ ಬರುವುದು ಭೂಮಿಯ ಉಬ್ಬು. ಈ ಅಲೆಗಳು ಬೆಳಕಿನಂತೆ ನೇರ ಸಾಗುತ್ತವೆ. 300 ಮೀಟರ್ ಎತ್ತರದಲ್ಲಿರುವವರಿಗೆ ದಿಗಂತ ಎಷ್ಟು ದೂರ? ಭೂಮಿಯ ತ್ರಿಜ್ಯ 6,400 ಕಿ.ಮೀ. ಎಂದಿಟ್ಟುಕೊಂಡು ತ್ರಿಜ್ಯ, ಎತ್ತರಗಳ ಗುಣಲಬ್ಧದ ಎರಡರಷ್ಟಕ್ಕೆ ವರ್ಗಮೂಲ ತೆಗೆದರೆ ಸುಮಾರು 62 ಕಿ.ಮೀ. ಗಾಳಿ ಅಲೆಯನ್ನು ತುಸು ಬಾಗಿಸುವುದರಿಂದ 70ರ ಹತ್ತಿರ ಬರುತ್ತದೆ. ಎತ್ತರ ನಾಲ್ಕು ಪಟ್ಟಾದರೆ ದೂರ ಎರಡು ಪಟ್ಟು. ದೂರದವರಿಗೆ ಕೇಳಿಸದಿದ್ದಾಗ ಅನುಭವಿ ಪೈಲಟ್ ಮೊದಲು ಮಾಡುವುದು ಮೇಲೇರುವ ಯೋಚನೆಯನ್ನು. ಅದಕ್ಕೆ ಖರ್ಚೂ ಕಡಿಮೆ.

ವ್ಯಾಟ್‌ಗಿಂತ ಹೆಚ್ಚು ಗಮನ ಬೇಡುವುದು ಕೇಳುವ ಭಾಗ. ಪಕ್ಕದಲ್ಲೇ ಎಫ್.ಎಂ. ಕೇಂದ್ರಗಳು ಕಿಲೋವ್ಯಾಟ್‌ಗಟ್ಟಲೆ ಗರ್ಜಿಸುತ್ತಿರುವಾಗ ಅವನ್ನು ತಡೆದು, ಗೋಪುರದ ಮೆಲುದನಿಯನ್ನು ಹೆಕ್ಕಿ ಕೊಡಬೇಕು. ಅಮೆರಿಕದ ಟಿ.ಎಸ್.ಒ., ಯುರೋಪಿನ ಇ.ಟಿ.ಎಸ್.ಒ. ಎಂಬ ಅನುಮೋದನೆ ಪಡೆದ ಪೆಟ್ಟಿಗೆಯಾದರೆ ಶಾಖ, ಚಳಿ, ಅದುರಾಟ, ಎತ್ತರ ಇವೆಲ್ಲದರ ಪರೀಕ್ಷೆ ದಾಟಿ ಬಂದಿರುತ್ತದೆ. ಇಲ್ಲಿ ಚೌಕಾಸಿ ಬೇಡ.

ಇನ್ನೊಂದು ಮಾತು, ಹಳೆಯ ರೇಡಿಯೋ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರಿಗೆ. 118ರಿಂದ 137ರವರೆಗಿನ 19 ಮೆಗಾಹರ್ಟ್ಸನ್ನು 25 ಕಿಲೋಹರ್ಟ್ಸ್‌ನ ತುಂಡು ಮಾಡಿದರೆ 760 ಚಾನೆಲ್ ಸಿಗುತ್ತವೆ. ಯುರೋಪಿನಲ್ಲಿ ಅದು ಸಾಲದೆ ಪ್ರತಿ ತುಂಡನ್ನೂ ಮೂರು ಮಾಡಿ 8.33 ಕಿಲೋಹರ್ಟ್ಸ್‌ಗೆ ಇಳಿಸಿದರು. 2018ರಿಂದ ಅಲ್ಲಿ ಸಣ್ಣ ವಿಮಾನಗಳೂ, ಕೆಲವು ವಿನಾಯಿತಿ ಬಿಟ್ಟರೆ, ಅಂಥ ರೇಡಿಯೋ ಇಟ್ಟುಕೊಳ್ಳಲೇಬೇಕು. ಹಳೆಯ ಕಿಂಗ್ ಕೆ.ಎಕ್ಸ್. 155ರಂಥವು ಗಟ್ಟಿಮುಟ್ಟು, ಒಪ್ಪೋಣ. ಆದರೆ ವಯಸ್ಸಾದಂತೆ ಅವುಗಳ ಅಂಕಿ ತೋರುವ ಫಲಕ ಮಸುಕಾಗುತ್ತದೆ. ಬಿಡಿಭಾಗ ಎಲ್ಲಿ ಸಿಗುತ್ತದೆ, ರಿಪೇರಿ ಯಾರು ಮಾಡುತ್ತಾರೆ ಎಂದು ಕೇಳದೆ ಕೊಳ್ಳಬಾರದು.

ಪೆಟ್ಟಿಗೆಯ ಹಿಂದೆ

ನನ್ನನ್ನು ಕೇಳಿದರೆ, ಕೈಯಲ್ಲಿ ಹೆಚ್ಚಿಗೆ ಹಣವಿದ್ದವರು ಅದನ್ನು ಪೆಟ್ಟಿಗೆಯ ಹಿಂದೆ ಖರ್ಚು ಮಾಡಬೇಕು. 125 ಮೆಗಾಹರ್ಟ್ಸ್‌ನ ಅಲೆಯ ಉದ್ದ 2.4 ಮೀಟರ್. ಅದರ ಕಾಲು ಭಾಗ 60 ಸೆಂ.ಮೀ. ವಿಮಾನದ ಬೆನ್ನ ಮೇಲೆ ಕಾಣುವ ಆ ಬಾಗಿದ ಕಡ್ಡಿ ಸುಮಾರು ಇಷ್ಟೇ ಉದ್ದ. ಕೆಳಗಿನ ಲೋಹದ ಮೈ ಕನ್ನಡಿಯಂತೆ ವರ್ತಿಸಿ ಆಂಟೆನಾದ ಇನ್ನರ್ಧವನ್ನು ಪೂರೈಸುತ್ತದೆ. ಮೈ ಲೋಹದ್ದಲ್ಲದಿದ್ದರೆ? ಬೆಂಗಳೂರಿನ ಎನ್.ಎ.ಎಲ್. ರೂಪಿಸಿದ, 1993ರಲ್ಲಿ ಮೊದಲು ಹಾರಿದ ‘ಹಂಸ’ ನಾರು-ರಾಳಗಳ ಸಂಯುಕ್ತ ವಸ್ತುವಿನ ವಿಮಾನ. ಇಂಥ ವಿಮಾನಗಳಲ್ಲಿ, ಬಟ್ಟೆ ಹೊದಿಸಿದ ವಿಮಾನಗಳಲ್ಲಿ ಕೂಡ, ಕಾಲು ಅಲೆಯ ಕಡ್ಡಿ ಹಾಕುವುದಾದರೆ ಅದರ ಬುಡದಲ್ಲಿ ತಗಡೋ ಲೋಹದ ಜಾಲರಿಯೋ ಬೇಕು. ಮರೆತರೆ ಎಷ್ಟು ದುಬಾರಿ ರೇಡಿಯೋ ತಂದರೂ ಗೊಗ್ಗರು ದನಿಯೇ ಗತಿ.

ಆಂಟೆನಾ ಸರಿಯಾಗಿ ಹೊಂದದಿದ್ದರೆ ಕಳಿಸಿದ ಶಕ್ತಿ ವಾಪಸು ಬರುತ್ತದೆ. ಮೆಕ್ಯಾನಿಕ್‌ಗಳು ಎಸ್.ಡಬ್ಲ್ಯು.ಆರ್. ಎಂದು ಅಳೆಯುವ ಸಂಖ್ಯೆ ಒಂದರ ಹತ್ತಿರ ಇದ್ದಷ್ಟೂ ಒಳ್ಳೆಯದು. ಮೂರಾದರೆ ಶಕ್ತಿಯ ಕಾಲು ಭಾಗ ಹಿಂದಿರುಗುತ್ತದೆ. ಕೇಬಲ್ಲಿನ ತುದಿಗೆ ನೀರಿಳಿದು ಕಿಲುಬು ಕಟ್ಟಿದ್ದರೂ ಇದೇ ಪಾಡು. ವಿಮಾನಗಳ ದೋಷ ಬರೆದಿಡುವ ಪುಸ್ತಕದಲ್ಲಿ ಒಂದೇ ವಿಮಾನದ ಮೇಲೆ ‘ರೇಡಿಯೋ ಸರಿಯಾಗಿ ಕೇಳುತ್ತಿಲ್ಲ’ ಎಂಬ ದೂರು ಮತ್ತೆ ಮತ್ತೆ ಬಂದಿದ್ದರೆ, ಅದೇ ಪೆಟ್ಟಿಗೆಯನ್ನು ಅದಕ್ಕೆ ಹೊಂದುವ ಬೇರೆ ವಿಮಾನಕ್ಕೆ ಹಾಕಿ ನೋಡಿದ್ದಾರೆಯೇ ಎಂದು ವಿಚಾರಿಸಿ. ಅಲ್ಲಿ ಚೆನ್ನಾಗಿ ಮಾತಾಡಿದರೆ ಕಾಯಿಲೆ ಪೆಟ್ಟಿಗೆಯದಲ್ಲ, ತಂತಿಯದು ಇಲ್ಲವೇ ಹೆಡ್‌ಸೆಟ್ ಪ್ಲಗ್ಗಿನದು.

ಆಲ್ಟರ್ನೇಟರ್ ಕೈಕೊಟ್ಟರೆ ರೇಡಿಯೋ ಬ್ಯಾಟರಿಯ ಮೇಲೆ ಸ್ವಲ್ಪ ಹೊತ್ತು ನಡೆಯುತ್ತದೆ. ಮಾತಾಡುವಾಗ ಕೇಳುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಹೀರುವುದರಿಂದ ಆಗ ಮಾತು ಮಿತವಾಗಿರಬೇಕು. ಕೈಯಲ್ಲಿ ಹಿಡಿಯುವ ಬ್ಯಾಟರಿ ರೇಡಿಯೋ ಜೊತೆಗಿದ್ದರೆ ಧೈರ್ಯ. ಅದಕ್ಕೂ ಪರವಾನಗಿ ಬೇಕು. ಕ್ಯಾಬಿನ್ನಿನೊಳಗೆ ಅದರ ಗಿಡ್ಡ ಆಂಟೆನಾ ಹೆಚ್ಚು ದೂರ ಎಟುಕದು. ಹೊರಗಿನ ಆಂಟೆನಾಕ್ಕೆ ಜೋಡಿಸುವ ಒಂದು ಸಾಕೆಟ್ಟನ್ನು ಮೊದಲೇ ಹಾಕಿಸಿಟ್ಟರೆ ಅದು ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಎಲ್ಲವೂ ಮೌನವಾದರೆ? ವಿಮಾನದ ಟ್ರಾನ್ಸ್‌ಪಾಂಡರ್‌ಗೆ ಕರೆಂಟು ಉಳಿದಿದ್ದರೆ ಅದರಲ್ಲಿ 7600 ಎಂದು ತಿರುಗಿಸಬೇಕು. ರೇಡಿಯೋ ಕೆಟ್ಟಿದೆ ಎಂದು ರಾಡಾರ್‌ನವರಿಗೆ ತಿಳಿಯುತ್ತದೆ. ನಿಲ್ದಾಣದ ಹತ್ತಿರ ಬಂದು ಗೋಪುರದ ದೀಪ ನೋಡಬೇಕು: ಸ್ಥಿರ ಹಸಿರು ಎಂದರೆ ಇಳಿಯಬಹುದು, ಸ್ಥಿರ ಕೆಂಪು ಎಂದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರು. ಇವು ವೈಮಾನಿಕ ನಿಯಮಗಳ ಪತ್ರಿಕೆಯಲ್ಲಿ ಬರುವ ವಿಷಯಗಳು. ರೇಡಿಯೋದಲ್ಲಿ ಮಾತಾಡಲು ಬೇಕಾದ ಆರ್.ಟಿ.ಆರ್. ಪ್ರಮಾಣಪತ್ರದ ಪರೀಕ್ಷೆ ಬೇರೆ. 2024ರ ಭಾರತೀಯ ವಾಯುಯಾನ ಅಧಿನಿಯಮ ಬಂದ ಮೇಲೆ ಆ ಹೊಣೆ ದೂರಸಂಪರ್ಕ ಇಲಾಖೆಯಿಂದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಸೇರಿದೆ. ಹಳೆಯ ಗೈಡುಗಳನ್ನು ನಂಬಿ ಅರ್ಜಿ ಹಾಕುವ ಮುನ್ನ ನಿರ್ದೇಶನಾಲಯದ ಪ್ರಕಟಣೆ ನೋಡಿಕೊಳ್ಳಿ.