ದಿಲ್ಲಿಗೆ ಬರುತ್ತಿದ್ದ ಕಡಲಮೀನು

ದಿಲ್ಲಿಯ ಮಕ್ಕಳಿಗೆ ಕಡಲಿನ ಪಾಠವನ್ನು ಎಲ್ಲಿಂದ ಶುರು ಮಾಡುವುದು? ಹತ್ತಿರದ ಕಡಲತೀರವೇ ಸುಮಾರು ಸಾವಿರ ಕಿಲೋಮೀಟರ್ ದೂರ. 1978ರಿಂದ ಮಕ್ಕಳಿಗೆ ಪ್ರಾಣಿಲೋಕದ ಪರಿಚಯ ಮಾಡಿಕೊಡುತ್ತಿದ್ದ ರಾಷ್ಟ್ರೀಯ ನಿಸರ್ಗ ಇತಿಹಾಸ ಸಂಗ್ರಹಾಲಯ 2016ರ ಏಪ್ರಿಲ್‌ನಲ್ಲಿ ಸುಟ್ಟುಹೋಯಿತು. ನಾನಾದರೆ ಮಕ್ಕಳನ್ನು ಯಮುನೆಯ ದಂಡೆಗೆ ಕರೆದೊಯ್ದು, ಒಂದು ಕಡಲಮೀನು ಬಂಗಾಳ ಕೊಲ್ಲಿಯಿಂದ ಇಲ್ಲಿಯವರೆಗೂ ಈಜಿ ಬರುತ್ತಿತ್ತು ಎಂಬಲ್ಲಿಂದ ಶುರು ಮಾಡುತ್ತೇನೆ. ಆ ಮೀನು ಹಿಲ್ಸಾ. ಬಂಗಾಳಿಗಳ ಇಲಿಶ್, ಗೋದಾವರಿ ತೀರದವರ ಪುಲಸ, ಸಿಂಧಿಗಳ ಪಲ್ಲಾ.

ಇದನ್ನು ವಿಜ್ಞಾನದ ದಾಖಲೆಗೆ ಸೇರಿಸಿದವರು ನಮಗೆ ಗೊತ್ತಿರುವವರೇ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಮತ್ತು ಕೆನರಾ ಸೀಮೆಗಳನ್ನು ಸುತ್ತಿ ಊರೂರಿನ ಬೆಳೆ, ದನಕರು, ಕಸುಬುಗಳನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಲ್ಲಿ ಅವರು 1822ರಲ್ಲಿ ಪ್ರಕಟಿಸಿದ ಗಂಗೆಯ ಮೀನುಗಳ ಗ್ರಂಥದಲ್ಲಿ ಹಿಲ್ಸಾದ ವರ್ಣನೆಯಿದೆ. ಈಗಿನ ವೈಜ್ಞಾನಿಕ ಹೆಸರು ಟೆನುವಲೋಸಾ ಇಲಿಷಾ. ಮಂಗಳೂರು, ಉಡುಪಿ ಕಡೆಯವರಿಗೆ ಭೂತಾಯಿಯ ದೊಡ್ಡ ನೆಂಟ ಎಂದರೆ ಸಾಕು. ಅದೇ ಬೆಳ್ಳಿ ಬಣ್ಣ, ಅದೇ ಎಣ್ಣೆಯ ಅಂಶ; ಮೈ ಮಾತ್ರ ಹೆಚ್ಚು ಚಪ್ಪಟೆ, ಮುಳ್ಳು ವಿಪರೀತ. ಬಾಯಿಗೆ ಬಂದ ನೀರನ್ನು ಕಿವಿರಿನ ಒಳಬದಿಯಲ್ಲಿ ಸೋಸಿ ಪ್ಲವಕಗಳನ್ನು ತಿಂದು ಬದುಕುತ್ತದೆ.

ಮಳೆಗಾಲದ ನೆರೆ ಕೊಲ್ಲಿಗೆ ನುಗ್ಗಿದಾಗ ಬಲಿತ ಹಿಲ್ಸಾಗಳು ಆ ಸಿಹಿನೀರಿಗೆ ಎದುರಾಗಿ ಈಜತೊಡಗುತ್ತವೆ. ಹೊರಡುವ ಮೊದಲೇ ಮೈತುಂಬ ಕೊಬ್ಬು ಕೂಡಿಟ್ಟಿರುತ್ತವೆ. ದಾರಿಯಲ್ಲಿ ತಿನ್ನುವುದು ಕಡಿಮೆ. ತಿನ್ನುವವರು ಹೊಗಳುವ ರುಚಿ ಈ ಕೊಬ್ಬಿನದೇ. ಮೊಟ್ಟೆಯಿಡುವ ಮುಖ್ಯ ಕಾಲ ಸೆಪ್ಟೆಂಬರ್, ಅಕ್ಟೋಬರ್. ಅದರಲ್ಲೂ ಹುಣ್ಣಿಮೆಯ ಹಿಂದುಮುಂದು. ದೊಡ್ಡ ಹೆಣ್ಣುಮೀನು ಹತ್ತು ಲಕ್ಷಕ್ಕೂ ಮೀರಿ ಮೊಟ್ಟೆ ಇಡಬಲ್ಲದು. ಸುಮಾರು ಒಂದು ದಿನದಲ್ಲಿ ಹೊರಬರುವ ಮರಿ ಕೆಲವು ತಿಂಗಳು ನದಿಯಲ್ಲೇ ಮೇದು ಕಡಲಿಗಿಳಿಯುತ್ತದೆ. ಒಂದೆರಡು ವರ್ಷಕ್ಕೆ ಪ್ರಾಯಕ್ಕೆ ಬಂದು ಮತ್ತೆ ನದಿ ಏರುತ್ತದೆ.

ಕಡಲಿನಿಂದ ನದಿಗೆ ಬರುವುದು ಬರೀ ಈಜಿನ ಕೆಲಸವಲ್ಲ. ಕಡಲ ನೀರಿನ ಉಪ್ಪು ಮೀನಿನ ರಕ್ತದಲ್ಲಿರುವುದಕ್ಕಿಂತ ಸುಮಾರು ಮೂರು ಪಟ್ಟು. ಅಲ್ಲಿ ಮೈಯೊಳಗಿನ ನೀರು ಸದಾ ಹೊರಕ್ಕೆ ಸೋರುತ್ತಿರುತ್ತದೆ. ಅದನ್ನು ತುಂಬಿಕೊಳ್ಳಲು ಮೀನು ಕಡಲ ನೀರನ್ನೇ ಕುಡಿಯಬೇಕು. ಹೆಚ್ಚಾದ ಉಪ್ಪನ್ನು ಕಿವಿರಿನಲ್ಲಿರುವ ವಿಶೇಷ ಜೀವಕೋಶಗಳು ಹೊರದಬ್ಬುತ್ತವೆ. ನದಿಯಲ್ಲಿ ಎಲ್ಲವೂ ತಿರುಗುಮುರುಗು. ನೀರು ಮೈಯೊಳಕ್ಕೆ ನುಗ್ಗುತ್ತದೆ, ಉಪ್ಪು ಹೊರಕ್ಕೆ ಸೋರುತ್ತದೆ. ಆಗ ಕುಡಿಯುವುದನ್ನು ಬಹುತೇಕ ನಿಲ್ಲಿಸಿ, ತೆಳು ಮೂತ್ರವನ್ನು ಧಾರಾಳವಾಗಿ ಹೊರಬಿಟ್ಟು, ಅದೇ ಕಿವಿರಿನಿಂದ ನದಿಯ ಅತ್ಯಲ್ಪ ಲವಣವನ್ನು ಹೀರಿಕೊಳ್ಳಬೇಕು. ಬಂಗುಡೆಯನ್ನು ತಂದು ನದಿಗೆ ಬಿಟ್ಟರೆ ಸಾಯುತ್ತದೆ. ಹಿಲ್ಸಾ ಮೊಟ್ಟೆ ಹೊತ್ತುಕೊಂಡೇ ಈ ಬದಲಾವಣೆ ದಾಟುತ್ತದೆ.

ಅದರ ಪ್ರಯಾಣದ ದಾಖಲೆಯೂ ಅದರೊಳಗೇ ಉಳಿಯುತ್ತದೆ. ಮೀನಿನ ತಲೆಯಲ್ಲಿ ಒಟೊಲಿತ್ ಎಂಬ ಸುಣ್ಣದ ಪುಟ್ಟ ಹರಳು ಪದರಪದರವಾಗಿ ಬೆಳೆಯುತ್ತದೆ. ಕಡಲಿನಲ್ಲಿದ್ದಾಗ ಕೂಡಿದ ಪದರದಲ್ಲಿ ಸ್ಟ್ರಾನ್ಷಿಯಂ ಹೆಚ್ಚು, ಸಿಹಿನೀರಿನ ಪದರದಲ್ಲಿ ಕಡಿಮೆ. ಹರಳನ್ನು ಕೊಯ್ದು ಅಳೆದರೆ ಮೀನು ಯಾವಾಗ ಕಡಲಲ್ಲಿತ್ತು, ಯಾವಾಗ ನದಿಯಲ್ಲಿತ್ತು ಎಂದು ತಿಳಿಯುತ್ತದೆ. ಹೈಸ್ಕೂಲಿನ ರಸಾಯನಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ದಿಲ್ಲಿಗೂ ಈ ಮೀನಿಗೂ ನಂಟು ಹಳೆಯದು. ಕಾರ್ನಾಡರ ನಾಟಕದಿಂದ ನಾವೆಲ್ಲ ಬಲ್ಲ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ 1351ರಲ್ಲಿ ಸಿಂಧ್‌ನ ಠಟ್ಟಾ ಬಳಿ ದಂಡಿನೊಡನೆ ಇದ್ದಾಗ, ಉಪವಾಸ ಮುರಿದು ಮೀನು ತಿಂದ ಮೇಲೆ ಜ್ವರ ಮರುಕಳಿಸಿತು ಎಂದು ಚರಿತ್ರೆಕಾರ ಬರನಿ ಬರೆದಿದ್ದಾನೆ. ಸುಲ್ತಾನ ಮತ್ತೆ ಏಳಲಿಲ್ಲ. ಆ ಮೀನು ಸಿಂಧೂ ನದಿಯ ಪಲ್ಲಾ ಇರಬೇಕೆಂದು ಹೇಳುವವರಿದ್ದಾರೆ. ವಿಭಜನೆಯ ನಂತರ ದಿಲ್ಲಿಗೆ ಬಂದ ಸಿಂಧಿಗಳ ದೈವ ಝೂಲೇಲಾಲ್ ಪಟಗಳಲ್ಲಿ ಪಲ್ಲಾ ಮೀನಿನ ಮೇಲೆಯೇ ಕೂತಿರುತ್ತಾನೆ. ಪೂರ್ವ ಬಂಗಾಳದಿಂದ ಬಂದವರಿಗಾಗಿ 1960ರ ದಶಕದಲ್ಲಿ ಎದ್ದ ಚಿತ್ತರಂಜನ್ ಪಾರ್ಕಿನಲ್ಲಿ ಮಳೆಗಾಲವೆಂದರೆ ಇಲಿಶ್ ಕಾಲ.

ಹಿಂದೆ ಹಿಲ್ಸಾ ಯಮುನೆಯಲ್ಲಿ ಆಗ್ರಾ, ದಿಲ್ಲಿಯವರೆಗೂ ಏರಿ ಬರುತ್ತಿತ್ತು. 1975ರಲ್ಲಿ ಗಂಗೆಗೆ ಅಡ್ಡಲಾಗಿ ಫರಕ್ಕಾ ಬ್ಯಾರೇಜು ಕೆಲಸ ಶುರು ಮಾಡಿತು. ಕೋಲ್ಕತ್ತ ಬಂದರಿನ ಹೂಳು ತೊಳೆಯಲು ಹೂಗ್ಲಿಗೆ ನೀರು ತಿರುಗಿಸುವ, ಎರಡು ಕಿಲೋಮೀಟರಿಗೂ ಉದ್ದದ, 109 ಬಾಗಿಲುಗಳ ಕಟ್ಟೆ ಅದು. ಅಲಹಾಬಾದಿನ ಬೆಸ್ತರ ಬಲೆಗೆ ಹಿಲ್ಸಾ ಬೀಳುವುದು ಬಹುತೇಕ ನಿಂತೇಹೋಯಿತು. ಬರಕ್‌ಪುರದ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಈಗ ಜೀವಂತ ಹಿಲ್ಸಾಗಳನ್ನು ಕಟ್ಟೆಯ ಮೇಲ್ಭಾಗಕ್ಕೆ ಬಿಡುತ್ತಿದ್ದಾರೆ, ಕೆಲವಕ್ಕೆ ಗುರುತಿನ ಚೀಟಿ ಕಟ್ಟುತ್ತಿದ್ದಾರೆ. ಒಳ್ಳೆಯ ಕೆಲಸ, ಆದರೆ ದಿಲ್ಲಿಗೆ ಸಾಲದು. ವಜೀರಾಬಾದಿನಿಂದ ಓಖ್ಲಾವರೆಗಿನ 22 ಕಿಲೋಮೀಟರ್ ಯಮುನೆಯ ಉದ್ದದ ನೂರರಲ್ಲಿ ಎರಡು ಪಾಲೂ ಅಲ್ಲ. ನದಿಯ ಮಾಲಿನ್ಯದ ಸುಮಾರು ಮುಕ್ಕಾಲು ಭಾಗ ಸೇರುವುದು ಅಲ್ಲೇ. ಕಟ್ಟೆಗಳೆಲ್ಲ ನಾಳೆಯೇ ದಾರಿ ಬಿಟ್ಟರೂ ಆ ನೀರಿನಲ್ಲಿ ಹಿಲ್ಸಾಕ್ಕೆ ಉಸಿರಾಡಲು ಆಮ್ಲಜನಕವಿಲ್ಲ. ಇದನ್ನು ಮಕ್ಕಳಿಂದ ಮುಚ್ಚಿಡಬಾರದು.

ಮುಚ್ಚಿಡಬಾರದ ಇನ್ನೊಂದು ಸಂಗತಿ ಭರವಸೆಯದು. ಬಾಂಗ್ಲಾದೇಶದಲ್ಲಿ 2002-03ರ ಹೊತ್ತಿಗೆ ಹಿಲ್ಸಾ ಇಳುವರಿ ಸುಮಾರು 2 ಲಕ್ಷ ಟನ್ನಿಗೆ ಇಳಿದಿತ್ತು. ಅಲ್ಲಿನ ಸರಕಾರ 25 ಸೆಂಟಿಮೀಟರಿಗಿಂತ ಚಿಕ್ಕ ಮರಿಗಳನ್ನು ಹಿಡಿಯದಂತೆ ತಡೆಯಿತು, ಅಕ್ಟೋಬರಿನ ಮೊಟ್ಟೆಯ ದಿನಗಳಲ್ಲಿ ಬಲೆ ಹಾಕುವುದನ್ನು ನಿಲ್ಲಿಸಿತು, ಕೆಲಸವಿಲ್ಲದ ತಿಂಗಳುಗಳಲ್ಲಿ ಬೆಸ್ತರ ಮನೆಗೆ ಅಕ್ಕಿ ಕೊಟ್ಟಿತು. 2018-19ರ ಸರಕಾರಿ ಲೆಕ್ಕ 5 ಲಕ್ಷ ಟನ್ ದಾಟಿತು. ಅಕ್ಕಿಯ ಮಾತನ್ನು ಒತ್ತಿ ಹೇಳುತ್ತೇನೆ: ಹಿಡಿಯುವವನ ಹೊಟ್ಟೆಯನ್ನು ಮರೆತು ಮಾಡಿದ ನಿಷೇಧ ಕಾಗದದಲ್ಲೇ ಉಳಿಯುತ್ತದೆ. ಪಶ್ಚಿಮ ಬಂಗಾಳವೂ 2013ರಲ್ಲಿ 23 ಸೆಂಟಿಮೀಟರ್ ಮೀರದ ಹಿಲ್ಸಾ ಹಿಡಿಯುವುದನ್ನು, ಮಾರುವುದನ್ನು ನಿಷೇಧಿಸಿತು. ಆದರೂ ‘ಖೋಕಾ ಇಲಿಶ್’ ಎಂಬ ಮುದ್ದು ಹೆಸರಿನಲ್ಲಿ ಮರಿಗಳು ಮಾರಾಟವಾಗುತ್ತಲೇ ಇವೆ. ಕೊಳ್ಳುವವರು ಇರುವುದರಿಂದ.

ಹೀಗಾಗಿ ದಿಲ್ಲಿ ಕನ್ನಡ ಶಾಲೆಯಿಂದ ಹಿಡಿದು ಗುರುಗ್ರಾಮ, ನೋಯ್ಡಾದ ಶಾಲೆಗಳವರೆಗೆ ಮೀನು ತಿನ್ನುವ ಮನೆಯ ಮಕ್ಕಳಿಗೆ ಕಲಿಸಬೇಕಾದ್ದು ಮೀನು ಬಿಡುವುದನ್ನಲ್ಲ, ಆರಿಸುವುದನ್ನು. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14, ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31 ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ‘ತಾಜಾ’ ಎಂದು ಮಾರುವ ಮೀನು ಎಲ್ಲಿಯದೆಂದು ಕೇಳಲು ಮಕ್ಕಳಿಗೆ ಗೊತ್ತಿರಲಿ. ಬೇಗ ಬೆಳೆದು ಬೇಗ ಮರಿಮಾಡುವ ಬಂಗುಡೆ, ಭೂತಾಯಿ ನಿಧಾನ ಬೆಳೆಯುವ, ಕೆಲವೇ ಮರಿ ಹಾಕುವ ಶಾರ್ಕ್‌ಗಿಂತ ಒಳ್ಳೆಯ ಆಯ್ಕೆ. ಅದೂ ಅಕ್ಷಯವಲ್ಲ: ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಭೂತಾಯಿ 2021ರಲ್ಲಿ 3,300 ಟನ್ನಿಗೆ ಕುಸಿದಿತ್ತು.

ಗಾಜಿಪುರಕ್ಕೋ ಐಎನ್ಎ ಮಾರುಕಟ್ಟೆಗೋ ಮೀನಿಗೆ ಹೋಗುವಾಗ ಮಗುವನ್ನೂ ಅದರ 30 ಸೆಂಟಿಮೀಟರಿನ ಸ್ಕೇಲನ್ನೂ ಜೊತೆಗೆ ಕರೆದೊಯ್ಯಿರಿ. ಹಿಲ್ಸಾವನ್ನು ಮಗುವೇ ಅಳೆಯಲಿ. 23 ದಾಟದಿದ್ದರೆ ಕೊಳ್ಳಬೇಡಿ, ಯಾಕೆ ಕೊಳ್ಳಲಿಲ್ಲವೆಂದು ಅಂಗಡಿಯವರಿಗೆ ಮಗುವಿನಿಂದಲೇ ಹೇಳಿಸಿ.