ಮಂಜು ಒಂದೇ, ಬೆಳಕು ಬೇರೆ

1980ರ ನವೆಂಬರಿನಲ್ಲಿ ತೆರೆಕಂಡ ತಮಿಳಿನ ‘ಮೂಡುಪನಿ’ಯಲ್ಲಿ ಊಟಿಯ ಮಂಜು ಕಂಡರೆ ಎದೆ ಝಲ್ಲೆನ್ನುತ್ತದೆ. 1982ರ ಫೆಬ್ರುವರಿಯಲ್ಲಿ ಬಂದ ‘ಮೂನ್ರಾಂ ಪಿರೈ’ಯಲ್ಲಿ ಅದೇ ಬೆಟ್ಟದ ಮಂಜು ಮಗುವಿಗೆ ಹೊದಿಸಿದ ದುಪ್ಪಟಿಯಂತೆ ಬೆಚ್ಚಗಿದೆ. ಎರಡರ ನಡುವೆ ಹದಿನೈದು ತಿಂಗಳು. ನಿರ್ದೇಶಕರು ಒಬ್ಬರೇ, ಕ್ಯಾಮೆರಾ ಹಿಂದೆ ನಿಂತವರೂ ಅವರೇ: ಬಾಲು ಮಹೇಂದ್ರ. ಹಾಗಾದರೆ ಬದಲಾದದ್ದು ಏನು?

ಕತೆ ಬದಲಾಯಿತು ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಒಂದರಲ್ಲಿ ಕೊಲೆಗಡುಕ, ಇನ್ನೊಂದರಲ್ಲಿ ಶಾಲಾ ಮೇಷ್ಟ್ರು. ಆದರೆ ಎರಡೂ ಚಿತ್ರಗಳನ್ನು ಧ್ವನಿ ತೆಗೆದು ನೋಡಿ. ಮಾತಿಲ್ಲದೆ, ಇಳಯರಾಜಾ ಅವರ ಸಂಗೀತವಿಲ್ಲದೆಯೂ ಒಂದು ಹೆದರಿಸುತ್ತದೆ, ಇನ್ನೊಂದು ಕರಗಿಸುತ್ತದೆ. ಆ ಕೆಲಸ ಬೆಳಕಿನದು. ನೀಲಗಿರಿಯ ಬೆಳಕು ನಮ್ಮ ಸಿನಿಮಾದಲ್ಲಿ ಒಂದು ಪಾತ್ರವಾಗಿ ಬೆಳೆದ ಈ ಕತೆಯಲ್ಲಿ ಕನ್ನಡದ ಪಾಲು ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು.

ಮೊದಲು ಬೆಟ್ಟದ ವಿಚಾರ. ಬಂಡೀಪುರ ದಾಟಿ ಮಸಿನಗುಡಿಗೆ ಬಂದರೆ ಅದು ಮಳೆನೆರಳಿನ ಊರು. ಕುರುಚಲು ಕಾಡು, ಒಣ ಗಾಳಿ, ಮಧ್ಯಾಹ್ನದ ಬಿಸಿಲಿಗೆ ಮುಖದ ಮೇಲೆ ಮೂಗಿನ ನೆರಳು ಕತ್ತರಿಸಿಟ್ಟ ಹಾಗೆ ಬೀಳುತ್ತದೆ. ಅಲ್ಲಿಂದ ಕಲ್ಹಟ್ಟಿ ಘಾಟಿಯ 36 ಹೇರ್‌ಪಿನ್ ತಿರುವು ಹತ್ತಿದರೆ ಊಟಿ, ಸುಮಾರು 2,240 ಮೀಟರ್ ಎತ್ತರ. ಅಲ್ಲಿ ಮೋಡ ಆಕಾಶದಲ್ಲಿರುವುದಿಲ್ಲ, ರಸ್ತೆಯಲ್ಲಿರುತ್ತದೆ. ಪಶ್ಚಿಮದ ಗೂಡಲೂರು, ನಡುವಟ್ಟಂ ಕಡೆ ಜೂನ್‌ನಿಂದ ನೈಋತ್ಯ ಮುಂಗಾರು ಸುರಿದರೆ, ಪೂರ್ವದ ಕುನ್ನೂರು, ಕೋತಗಿರಿ ಕಡೆಗೆ ಅಕ್ಟೋಬರ್-ನವೆಂಬರಿನ ಹಿಂಗಾರು. ಹತ್ತಾರು ಕಿಲೋಮೀಟರುಗಳೊಳಗೇ ಮೂರು ಬಗೆಯ ಬೆಳಕು ಸಿಗುವ ಇಂಥ ಜಿಲ್ಲೆ ಔಟ್‌ಡೋರ್ ಯೂನಿಟ್‌ಗಳಿಗೆ ಹಬ್ಬವೂ ಹೌದು, ತಲೆನೋವೂ ಹೌದು. ಹತ್ತು ಗಂಟೆಗೆ ತೆಗೆದ ಶಾಟ್‌ಗೆ ಹತ್ತೂವರೆಯ ಶಾಟ್ ಹೊಂದುವುದಿಲ್ಲ. ನಾಯಕಿ ಮಾತು ಆರಂಭಿಸಿದಾಗ ಹಿಂದೆ ಇದ್ದ ಬೆಟ್ಟ, ಮಾತು ಮುಗಿಯುವಷ್ಟರಲ್ಲಿ ಇರುವುದೇ ಇಲ್ಲ.

ಅದಕ್ಕೇ ಬಹುಕಾಲ ನಮ್ಮ ಸಿನಿಮಾ ಊಟಿಯನ್ನು ಬಿಸಿಲಿನಲ್ಲಿ ಮಾತ್ರ ನಂಬಿತು. ಹಾಡಿಗೆ ಹೂದೋಟ, ಓಡಲು ಹುಲ್ಲುಗಾವಲು, ಆಕಾಶ ನೀಲಿಯಿದ್ದರೆ ಸಾಕು. ಮುಖದ ಮೇಲೆ ಬೆಳ್ಳಿ ಕಾಗದದ ರಿಫ್ಲೆಕ್ಟರ್ ಹಿಡಿದು ಕಣ್ಣು ಕುಕ್ಕಿಸುವುದು ವಾಡಿಕೆ. ಆ ಕಾಲದ ಎಷ್ಟೋ ಹಾಡುಗಳಲ್ಲಿ ನಾಯಕಿ ಕಣ್ಣು ಕಿರಿದು ಮಾಡುವುದು ನಾಚಿಕೆಯಿಂದಲ್ಲ, ರಿಫ್ಲೆಕ್ಟರ್‌ನಿಂದ.

ಭಾವ ತುಂಬುವ ಬೆಳಕು ಆಗ ಇದ್ದದ್ದು ಸ್ಟುಡಿಯೋದೊಳಗೆ. ಅದರ ದೊಡ್ಡ ಮೇಷ್ಟ್ರು ನಮ್ಮ ಮೈಸೂರಿನವರೇ. 1923ರಲ್ಲಿ ಹುಟ್ಟಿದ ವಿ.ಕೆ. ಮೂರ್ತಿ ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡವರು, ಪಿಟೀಲು ನುಡಿಸುತ್ತಿದ್ದವರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನ ಛಾಯಾಗ್ರಹಣ ತರಗತಿಯ ಮೊದಲ ತಂಡದಲ್ಲಿ 1946ರಲ್ಲಿ ಡಿಪ್ಲೊಮಾ ಪಡೆದು ಮುಂಬೈಗೆ ಹೋದರು. ಗುರುದತ್ತರ ‘ಕಾಗಜ್ ಕೇ ಫೂಲ್’ (1959) ಚಿತ್ರದಲ್ಲಿ ಖಾಲಿ ಸ್ಟುಡಿಯೋದ ಛಾವಣಿಯಿಂದ ನೆಲಕ್ಕೆ ಇಳಿಯುವ ಬೆಳಕಿನ ಕೋಲು ಅವರದು. ಹೊರಗಿನ ಬಿಸಿಲನ್ನು ಒಂದು ದೊಡ್ಡ ಕನ್ನಡಿಯಲ್ಲಿ ಹಿಡಿದು, ಒಳಗೆ ಎತ್ತರದಲ್ಲಿಟ್ಟ ಇನ್ನೊಂದು ಕನ್ನಡಿಗೆ ದಾಟಿಸಿ, ಅಲ್ಲಿಂದ ಕೆಳಕ್ಕೆ ಬಿಟ್ಟರು. ಸ್ಟುಡಿಯೋ ದೀಪದ ಕಿರಣ ದೂರ ಹೋದಂತೆ ಅಗಲವಾಗುತ್ತದೆ. ಸೂರ್ಯ ಅಷ್ಟು ದೂರದಲ್ಲಿರುವುದರಿಂದ ಅವನ ಕಿರಣ ಸಮಾಂತರವಾಗಿಯೇ ಉಳಿಯುತ್ತದೆ. ಆ ಕೋಲಿನ ಎರಡು ಕಡೆ ನಿಂತ ಗುರುದತ್ ಮತ್ತು ನಾಯಕಿ ವಹೀದಾ ನಡುವಿನ ದೂರವನ್ನು ಯಾವ ಸಂಭಾಷಣೆಯೂ ಅಷ್ಟು ನಿಖರವಾಗಿ ಅಳೆದಿಲ್ಲ.

ಬೆಳಕಿನ ಕೋಲು ಕಾಣಬೇಕಾದರೆ ಗಾಳಿಯಲ್ಲಿ ಏನಾದರೂ ತೇಲುತ್ತಿರಬೇಕು, ದೂಳೋ ಹೊಗೆಯೋ. ಸ್ಟುಡಿಯೋದಲ್ಲಿ ಅದನ್ನು ಎಬ್ಬಿಸಬೇಕು. ನೀಲಗಿರಿಯಲ್ಲಿ ಅದು ಪುಕ್ಕಟೆ.

ಮೂರ್ತಿಯವರದು ಕತ್ತಲೆಯಿಂದ ಶುರುವಾಗುವ ದಾರಿಯಾದರೆ, ಇದಕ್ಕೆ ವಿರುದ್ಧವಾದದ್ದು ಬಂಗಾಳದಲ್ಲಿ ಹುಟ್ಟಿತು. ಸತ್ಯಜಿತ್ ರೇ ಅವರ ‘ಅಪರಾಜಿತೋ’ (1956) ಚಿತ್ರಕ್ಕೆ ಬನಾರಸಿನ ಮನೆಯಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿದಾಗ, ಛಾಯಾಗ್ರಾಹಕ ಸುಬ್ರತ ಮಿತ್ರ ಅಂಗಳದ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ನಟರ ಕಡೆಗಲ್ಲ, ಆ ಬಟ್ಟೆಯ ಕಡೆಗೆ ತಿರುಗಿಸಿದರು. ಬಟ್ಟೆಗೆ ಬಡಿದು ಮರಳಿದ ಬೆಳಕು ಆಕಾಶದಿಂದ ಇಳಿದಂತೆ ಎಲ್ಲೆಡೆ ಸಮನಾಗಿ ಹರಡಿತು. ನಮ್ಮ ಲೈಟ್‌ಬಾಯ್‌ಗಳು ಇಂದು ‘ತರ್ಮಾಕೋಲ್ ಹಿಡಿ’ ಎಂದರೆ ಮಾಡುವುದು ಅದೇ ಕೆಲಸ. ಊಟಿಯ ಮೋಡ ಮಾಡುವುದೂ ಅದನ್ನೇ, ಇನ್ನೂ ದೊಡ್ಡ ಬಟ್ಟೆಯಿಂದ.

ಬಾಲು ಮಹೇಂದ್ರ ಈ ಎರಡನೆಯ ದಾರಿಯವರು. ಶ್ರೀಲಂಕಾದ ಮಟ್ಟಕ್ಕಳಪ್ಪು ಬಳಿ 1939ರಲ್ಲಿ ಹುಟ್ಟಿದರು. ಶಾಲೆಯಲ್ಲಿದ್ದಾಗ, ಡೇವಿಡ್ ಲೀನ್ ತಮ್ಮ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಚಿತ್ರೀಕರಣ ನಡೆಸುತ್ತಿದ್ದುದನ್ನು ನೋಡಿದ್ದಾಗಿ ಅವರು ಹೇಳಿಕೊಳ್ಳುತ್ತಿದ್ದರು. ಲೀನ್ ಮಳೆ ಬರಲಿ ಎಂದು ಕೂಗಿದರು, ಮಳೆ ಬಂತು. ತಾನೂ ಹೀಗೆ ಮಳೆಗೆ ಅಪ್ಪಣೆ ಕೊಡುವ ಮನುಷ್ಯನಾಗಬೇಕು ಅನ್ನಿಸಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ 1969ರಲ್ಲಿ ಚಿನ್ನದ ಪದಕ ಪಡೆದು ಹೊರಬಂದವರಿಗೆ ಮೊದಲ ಕ್ಯಾಮೆರಾ ಕೆಲಸ ಸಿಕ್ಕಿದ್ದು ಗೂಡಲೂರಿನ ಗಡಿಯಾಚೆಯ ವಯನಾಡಿನ ಕಾಡಿನಲ್ಲಿ, ರಾಮು ಕಾರ್ಯಾಟ್ ಅವರ ಮಲಯಾಳಂ ಚಿತ್ರ ‘ನೆಲ್ಲು’ (1974). ನಿರ್ದೇಶಕರಾಗಿ ಮೊದಲ ಚಿತ್ರ ಮಾತ್ರ ಕನ್ನಡದ್ದು. 1977ರ ‘ಕೋಕಿಲ’: ಕಮಲಹಾಸನ್, ಶೋಭಾ, ರೋಜಾರಮಣಿ, ಹೊಸ ಹುಡುಗ ಮೋಹನ್, ಸಂಗೀತ ಸಲಿಲ್ ಚೌಧುರಿ. ಕಪ್ಪು-ಬಿಳುಪಿನ ಆ ಚಿತ್ರ ಮದ್ರಾಸಿನಲ್ಲೂ ನೂರು ದಿನ ದಾಟಿ ಓಡಿತು, ಛಾಯಾಗ್ರಹಣಕ್ಕೆ ಬಾಲು ಅವರಿಗೆ ರಾಷ್ಟ್ರಪ್ರಶಸ್ತಿ ತಂದಿತು. ಬೆಂಗಳೂರಿನ ಮಧ್ಯಮವರ್ಗದ ಮನೆಯೊಂದರ ಒಳಗಿನ ಬೆಳಕು ಅದರಲ್ಲಿ ಕಿಟಕಿಯಿಂದ ಬರುತ್ತದೆ, ಬಾಗಿಲಿನಿಂದ ಬರುತ್ತದೆ, ಎಲ್ಲಿಂದಲೋ ಬರುವುದಿಲ್ಲ. ಅಂದಿನ ಮಟ್ಟಿಗೆ ಇದು ಸಣ್ಣ ಮಾತಲ್ಲ. ಗುಡಿಸಲಿನ ಮೂಲೆಯಲ್ಲೂ ನಾಯಕನ ತಲೆಗೂದಲ ಹಿಂದೆ ಬೇಬಿ ಲೈಟ್ ಹೊಳೆಯುತ್ತಿದ್ದ ದಿನಗಳವು.

ಕಪ್ಪು-ಬಿಳುಪಿನ ಮಾತು ಬಂದಾಗ ಊಟಿಯ ಇನ್ನೊಂದು ಸಿನಿಮಾ ನಂಟನ್ನೂ ಹೇಳಬೇಕು. ಊಟಿಯ ಇಂದುನಗರದಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಿತ್ತು. 1960ರಲ್ಲಿ ಸ್ಥಾಪನೆ, ಫ್ರಾನ್ಸಿನ ಬೋಶೆ ಕಂಪನಿಯ ತಾಂತ್ರಿಕ ನೆರವು, 1967ರಲ್ಲಿ ಉತ್ಪಾದನೆ ಆರಂಭ, ‘ಇಂದು’ ಬ್ರ್ಯಾಂಡ್. ಫಿಲ್ಮಿಗೆ ದೂಳೇ ಶತ್ರು, ಹಾಗಾಗಿ ಬೆಟ್ಟದ ಶುಭ್ರ ತಣ್ಣನೆ ಗಾಳಿ ಬೇಕಿತ್ತು. ಬೆಳ್ಳಿಯ ಲವಣವನ್ನು ಜೆಲಾಟಿನ್‌ನಲ್ಲಿ ಕಲಸಿ ಪಾರದರ್ಶಕ ಹಾಳೆಗೆ ಬಳಿಯುವುದು, ಕತ್ತರಿಸುವುದು, ಸುತ್ತುವುದು ಎಲ್ಲವೂ ಕತ್ತಲೆಯಲ್ಲೇ. ಕಪ್ಪು-ಬಿಳುಪು ಪ್ರಿಂಟಿನ ಪಾಸಿಟಿವ್, ಸ್ಟಿಲ್ ಫಿಲ್ಮ್, ಎಕ್ಸ್‌ರೇ ಫಿಲ್ಮ್ ಇಲ್ಲಿಂದ ದೇಶಕ್ಕೆಲ್ಲ ಹೋಯಿತು. ಬಣ್ಣ ಬಂತು, ಆಮೇಲೆ ಡಿಜಿಟಲ್ ಬಂತು. ಕಾರ್ಖಾನೆ ರೋಗಗ್ರಸ್ತವೆಂದು ಘೋಷಣೆಯಾಗಿ, 2014ರಲ್ಲಿ ನೌಕರರಿಗೆ ಸ್ವಯಂನಿವೃತ್ತಿಯ ಪ್ಯಾಕೇಜು ಮಂಜೂರಾಯಿತು. ಊಟಿಗೆ ಹೋಗುವ ನಾವು ಚಾಕೊಲೇಟ್ ಕಾರ್ಖಾನೆ ನೋಡಲು ಸಾಲು ನಿಲ್ಲುತ್ತೇವೆ, ಅರ್ಧ ದೇಶದ ಎದೆಗೂಡಿನ ಚಿತ್ರ ತೆಗೆದ ಈ ಕಾರ್ಖಾನೆಯ ಗೇಟಿನ ಮುಂದೆ ಕಾರು ನಿಧಾನ ಮಾಡುವುದೂ ಇಲ್ಲ.

ಮತ್ತೆ ಎರಡು ಚಿತ್ರಗಳಿಗೆ. ಬೆಂಗಳೂರು ಮತ್ತು ಊಟಿಗಳಲ್ಲಿ ತೆಗೆದ ‘ಮೂಡುಪನಿ’ಯಲ್ಲಿ ಚಂದ್ರು (ಪ್ರತಾಪ್ ಪೋತನ್) ವೇಶ್ಯೆಯರನ್ನು ಕೊಲ್ಲುವ ಮನೋರೋಗಿ. ರೇಖಾಳನ್ನು (ಶೋಭಾ) ಅಪಹರಿಸಿ ಊಟಿಗೆ ತರುತ್ತಾನೆ. ಹಿಚ್‌ಕಾಕ್‌ನ ‘ಸೈಕೋ’ ನೆರಳು ಚಿತ್ರದ ಮೇಲಿದೆ, ಬಾಲು ಅದನ್ನು ಬಚ್ಚಿಡಲೂ ಇಲ್ಲ. ಇಲ್ಲಿ ಮಂಜಿನ ಕೆಲಸ ಮುಚ್ಚುವುದು. ಕ್ಯಾಮೆರಾದ ಬೆನ್ನ ಕಡೆಯಿಂದ ಬೆಳಕು ಮಂಜಿಗೆ ಬಡಿದರೆ ಅದು ಬಿಳಿ ಗೋಡೆಯಾಗುತ್ತದೆ. ಹಿನ್ನೆಲೆ ಅಳಿಸಿಹೋಗುತ್ತದೆ, ದೂರ-ಹತ್ತಿರ ಗೊತ್ತಾಗುವುದಿಲ್ಲ. ರೇಖಾ ಓಡಿದರೂ ಎಲ್ಲಿಗೆ ಓಡಬೇಕು? ನೋಡುವವರೂ ಅವಳಷ್ಟೇ ಕುರುಡರು. ಚಂದ್ರುವಿನ ಮುಖವಾದರೋ ಮೆತ್ತನೆಯ ಬೆಳಕಿನಲ್ಲಿ ಮುಗ್ಧವಾಗಿ ಕಾಣುತ್ತದೆ. ಖಳನ ಗಲ್ಲದ ಕೆಳಗಿನಿಂದ ದೀಪ ಹಾಕಿ ಕಣ್ಣು ಗುಡ್ಡೆ ಹೊಳೆಸುವ ಹಳೆಯ ಉಪಾಯ ಇಲ್ಲಿ ಇಲ್ಲ. ಹೆದರಿಕೆ ಇರುವುದೇ ಅದರಲ್ಲಿ.

‘ಮೂನ್ರಾಂ ಪಿರೈ’ಯಲ್ಲಿ ಮೇಷ್ಟ್ರು ಚೀನು (ಕಮಲಹಾಸನ್) ನೆನಪು ಕಳೆದುಕೊಂಡು ಮಗುವಾದ ಹುಡುಗಿಯನ್ನು (ಶ್ರೀದೇವಿ) ವೇಶ್ಯಾಗೃಹದಿಂದ ಬಿಡಿಸಿ ಕೇತ್ತಿಗೆ ಕರೆತರುತ್ತಾನೆ. ಊಟಿಗೂ ಕುನ್ನೂರಿಗೂ ನಡುವಿನ ಕಣಿವೆ ಅದು. ಇಲ್ಲಿ ಬೆಳಕು ಮಂಜಿನ ಹಿಂದಿದೆ. ಹಿಂದಿನಿಂದ ಬೆಳಗಿದ ಮಂಜು ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ: ಮರ, ಮರದಾಚೆ ಬೇಲಿ, ಬೇಲಿಯಾಚೆ ಗುಡ್ಡ. ಜಾಗ ದೊಡ್ಡದಾಗುತ್ತದೆ, ಅಪಾಯ ದೂರವಾಗುತ್ತದೆ. ಮನೆಯೊಳಗೆ ಕಿಟಕಿಯ ಬೆಳಕು ಶ್ರೀದೇವಿಯ ಕೆನ್ನೆಯನ್ನು ಒಂದು ಕಡೆಯಿಂದ ಸವರಿ, ಇನ್ನೊಂದು ಕಡೆಯಲ್ಲಿ ಮೆಲ್ಲಗೆ ನೆರಳಿಗೆ ಜಾರುತ್ತದೆ. ಆ ಕಾಲಕ್ಕೆ ಸಾಮಾನ್ಯವಾಗಿ ಸಿಗುತ್ತಿದ್ದ ಈಸ್ಟ್‌ಮನ್ ಬಣ್ಣದ ನೆಗೆಟಿವ್ ಬೆಳಕು ಹಿಡಿಯುವ ವೇಗ 100 ಎಎಸ್‌ಎ ಮಾತ್ರ, ಹಗಲಿಗೆ ಬೇಕಾದ ಕಿತ್ತಳೆ ಫಿಲ್ಟರ್ ಹಾಕಿದರೆ 64ಕ್ಕೆ ಇಳಿಯುತ್ತಿತ್ತು. ಇಂದಿನ ಮೊಬೈಲ್ ಫೋನು ಕತ್ತಲಲ್ಲಿ ಹಿಡಿಯುವುದನ್ನು ನೋಡಿದವರಿಗೆ ಅದು ಎಷ್ಟು ಕಡಿಮೆ ಎಂದು ಹೇಳಬೇಕಾಗಿಲ್ಲ. ಮೋಡ ಕವಿದ ಊರಲ್ಲಿ ಲೆನ್ಸ್ ಪೂರ್ತಿ ತೆರೆಯಬೇಕು. ತೆರೆದರೆ ಫೋಕಸ್ ಕೂದಲೆಳೆಯಷ್ಟು. ಮುಖ ಮಾತ್ರ ಸ್ಪಷ್ಟ, ಉಳಿದದ್ದೆಲ್ಲ ಕರಗಿದ ಬಣ್ಣ. ಮಗುವಿನ ಲೋಕ ಅಷ್ಟೇ ತಾನೆ.

ಕೊನೆಯ ದೃಶ್ಯ ಕೇತ್ತಿ ರೈಲು ನಿಲ್ದಾಣದ್ದು. ಮಳೆ. ಹುಡುಗಿಗೆ ಹಳೆಯ ನೆನಪು ಮರಳಿದೆ, ನಡುವಿನದು ಹೋಗಿದೆ. ರೈಲಿನ ಕಿಟಕಿಯಲ್ಲಿ ಅಪ್ಪ-ಅಮ್ಮನ ಜೊತೆ ಕೂತಿದ್ದಾಳೆ. ಕೆಸರು ಮೆತ್ತಿದ ಮುಖದ ಚೀನು ಕುಂಟುತ್ತ, ಅವಳನ್ನು ನಗಿಸಲು ಮಾಡುತ್ತಿದ್ದ ಕೋತಿಯಾಟವನ್ನೆಲ್ಲ ತಲೆಯ ಮೇಲೆ ಪಾತ್ರೆ ಹೊತ್ತು ಪ್ಲ್ಯಾಟ್‌ಫಾರಂ ಮೇಲೆ ಮಾಡುತ್ತಾನೆ. ಅವಳು ಯಾರೋ ಹುಚ್ಚ ಎಂದುಕೊಳ್ಳುತ್ತಾಳೆ. ಈ ಮಳೆ ಚಿತ್ರಕಥೆಯಲ್ಲಿರಲಿಲ್ಲ, ಅಂದು ತಾನಾಗಿ ಸುರಿಯಿತು, ಬಾಲು ಕ್ಯಾಮೆರಾ ನಿಲ್ಲಿಸಲಿಲ್ಲ ಎಂಬ ಮಾತು ತಮಿಳು ಚಿತ್ರರಂಗದಲ್ಲಿದೆ. ನೋಡಿದರೆ ನಂಬುವಂತೆಯೇ ಇದೆ. ಸಿನಿಮಾ ಮಳೆಯನ್ನು ಹಿಂದಿನಿಂದ ದೀಪ ಹಾಕಿ ಬೆಳ್ಳಿದಾರದಂತೆ ಮಾಡುತ್ತಾರೆ, ಇಲ್ಲವಾದರೆ ಹನಿ ಕಾಣುವುದಿಲ್ಲ. ಇಲ್ಲಿ ಆ ಬೆಳ್ಳಿಯಿಲ್ಲ. ಬೂದು ಆಕಾಶದ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬಿದ್ದಿದೆ. ನೆರಳಿಲ್ಲ, ಹೊಳಪಿಲ್ಲ, ಚೀನುವನ್ನು ಎತ್ತಿ ತೋರಿಸುವ ಕೀ ಲೈಟ್ ಇಲ್ಲ. ಅವಳ ಕಣ್ಣಿಗೆ ಅವನು ಹೇಗೋ, ಬೆಳಕಿನ ಕಣ್ಣಿಗೂ ಹಾಗೆಯೇ: ಪ್ಲ್ಯಾಟ್‌ಫಾರಂ ಮೇಲಿನ ನೂರರಲ್ಲಿ ಒಬ್ಬ. ಈ ಚಿತ್ರಕ್ಕಾಗಿ ಕಮಲ್ ಅವರಿಗೆ ನಟನೆಗೆ, ಬಾಲು ಅವರಿಗೆ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಮರುವರ್ಷ ಹಿಂದಿಯಲ್ಲಿ ‘ಸದ್ಮಾ’ ಆಯಿತು.

ಅದೇ 1983ರಲ್ಲಿ ಬಾಲು ಮತ್ತೆ ಕನ್ನಡಕ್ಕೆ ಬಂದು ಹೊಸಬರೊಬ್ಬರ ಮೊದಲ ಚಿತ್ರಕ್ಕೆ ಕ್ಯಾಮೆರಾ ಹಿಡಿದರು. ಚಿತ್ರ ‘ಪಲ್ಲವಿ ಅನುಪಲ್ಲವಿ’, ಹೊಸಬರು ಮಣಿರತ್ನಂ. ಆರು ವರ್ಷದ ಮೇಲೆ ಮಣಿರತ್ನಂ ತೆಲುಗಿನ ‘ಗೀತಾಂಜಲಿ’ (1989) ತೆಗೆಯಲು ಪಿ.ಸಿ. ಶ್ರೀರಾಮ್ ಅವರನ್ನು ಕರೆದುಕೊಂಡು ಇದೇ ಊಟಿಗೆ ಬಂದರು. ಸಾವಿನ ದಿನ ಎಣಿಸುತ್ತಿರುವ ಇಬ್ಬರ ಪ್ರೇಮಕತೆ. ಶ್ರೀರಾಮ್ ಮಂಜನ್ನು ಬಾಲು ಅವರಿಗಿಂತ ದಟ್ಟವಾಗಿ ಬಳಸಿದರು, ಮುಖಗಳನ್ನು ಕಪ್ಪಾಗಲು ಬಿಟ್ಟರು. ಮಣಿರತ್ನಂ ಚಿತ್ರ ಎಂದರೆ ಕತ್ತಲೆ ಎಂಬ ತಮಾಷೆಗೆ ಕಾರಣರಾದವರಲ್ಲಿ ಶ್ರೀರಾಮ್ ಮುಖ್ಯರು. ನನ್ನ ಮಟ್ಟಿಗೆ ‘ಗೀತಾಂಜಲಿ’ಯ ಬೆಳಕು ಕೆಲವೆಡೆ ತನ್ನ ಚೆಲುವಿಗೆ ತಾನೇ ಮರುಳಾಗಿದೆ. 1998ರ ‘ದಿಲ್ ಸೇ’ಗೆ ನೀಲಗಿರಿ ರೈಲಿನ ಮೇಲೆ ಸಂತೋಷ್ ಶಿವನ್ ತೆಗೆದ ‘ಛೈಯ್ಯಾ ಛೈಯ್ಯಾ’ ಹಾಡು ಮತ್ತೆ ಬಿಸಿಲಿಗೆ ಮರಳಿತು. ಈ ಬಾರಿ ರಿಫ್ಲೆಕ್ಟರ್‌ನ ಹಂಗಿಲ್ಲದ ಬಿಸಿಲು.

ಮೂರ್ತಿಯವರು ಕನ್ನಡದಲ್ಲಿ ‘ಹೂವು ಹಣ್ಣು’ (1993) ಚಿತ್ರಕ್ಕೆ ಕೆಲಸ ಮಾಡಿದರು, ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರಾದರು. ಬಾಲು 2014ರ ಫೆಬ್ರುವರಿಯಲ್ಲಿ ತೀರಿಕೊಂಡರು, ಮೂರ್ತಿ ಅದೇ ವರ್ಷದ ಏಪ್ರಿಲ್‌ನಲ್ಲಿ.

ಇನ್ನು ಡೇವಿಡ್ ಲೀನ್. ಕೇತ್ತಿಯಲ್ಲಿ ಬಾಲು ಚಿತ್ರ ತೆಗೆದು ಹೋದ ಎರಡೇ ವರ್ಷಕ್ಕೆ ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ಗಾಗಿ ನಮ್ಮ ಕಡೆ ಬಂದರು. ಬೆಂಗಳೂರು ಅರಮನೆಯ ಆವರಣದಲ್ಲಿ ಕತೆಯ ಊರಾದ ಚಂದ್ರಾಪುರವನ್ನು ಕಟ್ಟಿದರು, ಸಾವನದುರ್ಗದ ಬಂಡೆಗಳನ್ನು ಕತೆಯ ಮಾರಬಾರ್ ಗುಹೆಯಾಗಿಸಿದರು, ಗುಹೆಗೆ ಹೋಗುವ ರೈಲಿಗೆ ನೀಲಗಿರಿಯ ಕಂಬಿಗಳನ್ನೇ ಆರಿಸಿದರು. ಛಾಯಾಗ್ರಾಹಕ ಅರ್ನೆಸ್ಟ್ ಡೇ ಅವರಿಗೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ಭವ್ಯವಾಗಿದೆ, ಅನುಮಾನವಿಲ್ಲ. ಬೆಳಕು ಎಲ್ಲೆಲ್ಲಿ ಬೀಳಬೇಕೋ ಅಲ್ಲಲ್ಲೇ ಬಿದ್ದಿದೆ. ಆದರೆ ಆ ರೈಲಿನಲ್ಲಿ ಯಾರಿಗೂ ಚಳಿಯಾಗುವುದಿಲ್ಲ.